ಪಕ್ಕಕ್ಕೆ ಬಾಯಿರುವ ಲಕೋಟೆ: ತುಂಬಿ ನೋಡದೆ ಸೀಳಬೇಡಿ

ಮೊಮ್ಮಗಳು ಮೊನ್ನೆ ತಾನೇ ಮಾಡಿದ ಲಕೋಟೆಯೊಂದನ್ನು ತಂದು ಕೈಗಿಟ್ಟಳು. ಮುಚ್ಚಳದ ತುದಿಯ ನಾಲಗೆಯನ್ನು ಹಿಂಬದಿಯ ಸೀಳಿಗೆ ಸಿಕ್ಕಿಸಿ ಮುಚ್ಚುವಂಥದ್ದು, ನೋಡಲು ಅಚ್ಚುಕಟ್ಟಾಗಿತ್ತು. ಒಳಗಿನ ಕಾಗದ ತೆಗೆಯೋಣವೆಂದು ಮುಚ್ಚಳವನ್ನು ಎತ್ತಿದೆ, ಅಷ್ಟೇ. ಸೀಳಿನ ಮೂಲೆಯಿಂದ ಹರಿಯಲು ಶುರುವಾದದ್ದು ಪರ್ರೆಂದು ಅಂಚಿನವರೆಗೂ ಹೋಯಿತು. ಅದನ್ನು ತೆರೆದದ್ದು ಅದು ಎರಡನೆಯ ಸಲವಂತೆ. "ಟೇಪ್ ಹಚ್ಚಿದರಾಯಿತು ಬಿಡಿ ಅಜ್ಜಿ" ಎಂದಳು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಟೇಪ್ ಕೆಲವು ವರ್ಷಗಳಲ್ಲಿ ಹಳದಿಗೆ ತಿರುಗಿ ಸಿಪ್ಪೆಯಂತೆ ಉದುರುತ್ತದೆ, ಅದರ ಅಂಟು ಮಾತ್ರ ಕಾಗದದಲ್ಲಿ ಎಣ್ಣೆಕಲೆಯ ಹಾಗೆ ಕೂತುಬಿಡುತ್ತದೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ. ರಬ್ಬರ್ ಬ್ಯಾಂಡ್ ಮೊದಲು ಜಿಗುಟಾಗಿ, ಆಮೇಲೆ ಒಣಗಿ, ಕಾಗದಕ್ಕೇ ಮೆತ್ತಿಕೊಳ್ಳುತ್ತದೆ. ಹತ್ತಾರು ವರ್ಷ ಇಡಬೇಕಾದ ಕಾಗದಪತ್ರಗಳಿಗೆ ಇವು ಮೂರೂ ಆಗದು. ಕಾಗದವನ್ನು ಕಾಗದವೇ ಹಿಡಿದುಕೊಳ್ಳಬೇಕು. ಅದು ಆಗುವ ಕೆಲಸ, ಮಾಡುವ ಕ್ರಮ ಗೊತ್ತಿರಬೇಕು ಅಷ್ಟೆ.

ಲಕೋಟೆಗಳು ಬಳಕೆಗೆ ಬರುವ ಮೊದಲು ಜನ ಮಾಡುತ್ತಿದ್ದದ್ದೂ ಇದನ್ನೇ. ಬ್ರಿಟನ್ನಿನಲ್ಲಿ 1840ರ ಅಂಚೆ ಸುಧಾರಣೆಗೆ ಮುಂಚೆ ಹಾಳೆಗಳ ಲೆಕ್ಕದ ಮೇಲೆ ಅಂಚೆ ದರ ಹಾಕುತ್ತಿದ್ದರು. ಪತ್ರಕ್ಕೆ ಹೊದಿಕೆ ಎಂದರೆ ಇನ್ನೊಂದು ಹಾಳೆಯ ದುಡ್ಡು. ಹಾಗಾಗಿ ಪತ್ರವನ್ನೇ ಮಡಚಿ, ಒಂದು ಪದರವನ್ನು ಇನ್ನೊಂದರೊಳಗೆ ಸಿಕ್ಕಿಸಿ ಅರಗು ಒತ್ತುತ್ತಿದ್ದರು. ಅದಕ್ಕೂ ಹಿಂದಿನ ಶತಮಾನಗಳಲ್ಲಿ ಮಡಚಿದ ಪತ್ರಕ್ಕೆ ಸೀಳು ಕೊಟ್ಟು, ಅದೇ ಹಾಳೆಯ ಅಂಚಿನಿಂದ ಕತ್ತರಿಸಿದ ಪಟ್ಟಿಯನ್ನು ಅದರಲ್ಲಿ ಪೋಣಿಸಿ ಬೀಗದಂತೆ ಬಿಗಿಯುತ್ತಿದ್ದದ್ದೂ ಉಂಟು. ಅಂಥ ಪತ್ರವನ್ನು ಹರಿಯದೆ ತೆರೆಯುವಂತಿರಲಿಲ್ಲ. ನಮಗೆ ಬೇಕಾದದ್ದು ನೂರು ಸಲ ತೆರೆದು ಮುಚ್ಚುವಂಥದ್ದು. ಸೀಳು ಮತ್ತು ನಾಲಗೆಯ ಉಪಾಯ ಮಾತ್ರ ಅದೇ.

ಬಾಯಿ ಪಕ್ಕಕ್ಕೇ ಏಕೆ ಎಂದು ಕೇಳುತ್ತೀರಿ. ಲಕೋಟೆಗಳನ್ನು ಡಬ್ಬದಲ್ಲಿ ಉದ್ದಕ್ಕೆ ಸಾಲಾಗಿ ನಿಲ್ಲಿಸಿದಾಗ ಮೇಲೆ ಬಾಯಿದ್ದರೆ ದೂಳು ಬೀಳುತ್ತದೆ, ಕೈಯಾಡಿಸಿದಾಗಲೆಲ್ಲ ಮುಚ್ಚಳ ಉಜ್ಜಿ ಸವೆಯುತ್ತದೆ. ಪಕ್ಕದ ಬಾಯಿ ಗಿಡ್ಡ, ಅದರ ಮೇಲೆ ಬೀಳುವ ಎಳೆತವೂ ಕಡಿಮೆ. ಒಳಗಿನ ಕಾಗದ ಉದ್ದಕ್ಕೆ ಜಾರಿ ಬರುತ್ತದೆ, ಮೂಲೆ ಮುದುಡುವುದಿಲ್ಲ.

ಈಗ ಹಾಳೆ. ಮುದ್ರಣಕ್ಕೆ ಬಳಸುವ 70–80 ಗ್ರಾಮಿನ (ಒಂದು ಚದರ ಮೀಟರ್ ಕಾಗದದ ತೂಕ ಇದು) ಬಿಳಿ ಹಾಳೆ ದಿನಬಳಕೆಯ ಲಕೋಟೆಗೆ ತೆಳುವಾಯಿತು. ಕಂದು ಕಾಗದದಲ್ಲಿ 100ರಿಂದ 120 ಗ್ರಾಮಿನದು ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಹಳೆಯ ದೊಡ್ಡ ಕ್ಯಾಲೆಂಡರಿನ ಹಾಳೆಯೂ ಆಗುತ್ತದೆ, ತುಂಬ ನುಣುಪಾಗಿದ್ದರೆ ಅಂಟು ಹಿಡಿಯುವುದಿಲ್ಲ, ಅದು ನೆನಪಿರಲಿ. ಅಳತೆಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಎ4 ಹಾಳೆ ಇಡಲು ಎ4 ಹಾಳೆಯಿಂದಲೇ ಲಕೋಟೆ ಮಾಡಲು ಹೊರಡುತ್ತಾರೆ. ಎ4 ಎಂದರೆ 210 × 297 ಮಿ.ಮೀ. ಮೂರು ಮಡಿಕೆ ಮಾಡಿದರೆ 99 × 210 ಆಗುತ್ತದೆ. ಅದು ಸರಾಗವಾಗಿ ಜಾರಬೇಕಾದರೆ ಲಕೋಟೆಯ ಮೈ 110 × 220 ಇರಬೇಕು. ಅದರ ಮೇಲೆ ಮುಚ್ಚಳ, ಹಿಂಬದಿ, ಅಂಟಿನ ಅಂಚು ಎಲ್ಲ ಸೇರಿದರೆ ಎ4 ಎಲ್ಲಿ ಸಾಲುತ್ತದೆ? ಎ3 ಹಾಳೆ ತೆಗೆದುಕೊಳ್ಳಿ. ಉಳಿದ ತುಂಡುಗಳನ್ನು ಎಸೆಯಬೇಡಿ, ತೇಪೆಗೆ ಬೇಕಾಗುತ್ತವೆ.

ಕತ್ತರಿಸುವ ಮೊದಲು ಕಾಗದದ ಎಳೆ ಎತ್ತ ಓಡುತ್ತಿದೆ ಎಂದು ನೋಡಿ. ಯಂತ್ರದಲ್ಲಿ ತಯಾರಾಗುವಾಗ ತಿರುಳಿನ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಹಾಳೆಯನ್ನು ಮಡಚದೆ ಸುಮ್ಮನೆ ಬಾಗಿಸಿ ಅಂಗೈಯಿಂದ ಒತ್ತಿ. ಒಂದು ಕಡೆಗೆ ಮೆತ್ತಗೆ ಬಗ್ಗುತ್ತದೆ, ಇನ್ನೊಂದು ಕಡೆಗೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಮೆತ್ತಗೆ ಬಗ್ಗಿದ ಆ ಬಾಗಿನ ಉದ್ದಕ್ಕೇ ಎಳೆ ಇರುವುದು. ಬಾಯಿಯ ಮಡಿಕೆ ಎಳೆಯ ಉದ್ದಕ್ಕೇ ಬರಬೇಕು, ಆಗ ಮುಚ್ಚಳ ಹೇಳಿದ ಮಾತು ಕೇಳಿ ಮಲಗುತ್ತದೆ. ಅಡ್ಡ ಎಳೆಯ ಮೇಲೆ ಮಡಚಿದ ಮುಚ್ಚಳ ಸದಾ ಮೇಲೇಳುತ್ತಿರುತ್ತದೆ, ನಾಲಗೆಯನ್ನು ಹೊರಕ್ಕೆ ಎಳೆಯುತ್ತಿರುತ್ತದೆ. ಮೇಲೆ ಕೆಳಗಿನ ಉದ್ದ ಮಡಿಕೆಗಳಿಗೆ ಎಳೆ ಅಡ್ಡ ಬಂದರೆ ಬರಲಿ. ಅವನ್ನು ಒಮ್ಮೆ ಮಡಚಿ ಅಂಟಿಸಿದರೆ ಮುಗಿಯಿತು, ದಿನವೂ ದುಡಿಯುವುದು ಬಾಯಿಯ ಮಡಿಕೆ.

ಆಕಾರ ಬರೆಯಲು ನಕ್ಷೆ ಬೇಕೆಂದು ಮೊಬೈಲ್ ಹಿಡಿದು ಕೂರಬೇಡಿ. ಒಂದು ಹಳೆಯ ಲಕೋಟೆಯ ಅಂಟನ್ನು ಮೆಲ್ಲಗೆ ಬಿಡಿಸಿ ಹಾಸಿಕೊಳ್ಳಿ, ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ನಮ್ಮ ತಂದೆ ಮನೆಗೆ ಬಂದ ಒಂದು ಲಕೋಟೆಯನ್ನೂ ಎಸೆದವರಲ್ಲ. ರಾತ್ರಿ ಊಟವಾದ ಮೇಲೆ ಒದ್ದೆ ಬಟ್ಟೆಯನ್ನು ಅಂಟಿನ ಮೇಲೆ ಹಾಕಿ, ತಾಳ್ಮೆಯಿಂದ ಕಾದು, ಬಿಡಿಸಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಅಂಟಿಸುತ್ತಿದ್ದರು. ನಾನು ಎದುರು ಕೂತು ಅವರು ಬಿಡಿಸಿದ ಹಾಳೆಗಳ ಮೇಲೆ ಬೆರಳಾಡಿಸುತ್ತಿದ್ದೆ. ಯಾವ ಮೂಲೆಯನ್ನು ಎಷ್ಟು ಓರೆ ಕತ್ತರಿಸಿದ್ದಾರೆ, ಯಾವ ಅಂಚು ಯಾವುದರ ಮೇಲೆ ಬರುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ಆ ಬೆರಳಿನಿಂದ.

ಮೈ ನಡುವೆ ಇರಲಿ. ಕೆಳಗಿನ ಪಟ್ಟಿ ಮೈಯ ಎತ್ತರದ ಮೂರನೆಯ ಒಂದು ಪಾಲಿನಷ್ಟೇ ಮೇಲೆ ಬರಲಿ. ಮೇಲಿನ ಪಟ್ಟಿ ಇಳಿದು ಬಂದು ಅದರ ಮೇಲೆ ಹೆಬ್ಬೆರಳಿನ ಅಗಲ ಕೂರಲಿ. ಎರಡನ್ನೂ ಸಮ ಮಾಡಿದರೆ ಅಂಟಿನ ಕೂಡು ಸರಿಯಾಗಿ ನಡುವೆ, ಸೀಳು ಬರುವ ಜಾಗದಲ್ಲೇ ಬಂದು ಕೂರುತ್ತದೆ. ಒಂದು ತುದಿಗೆ ಎರಡು ಬೆರಳಿನ ಪಟ್ಟಿ, ಅದು ಮುಚ್ಚಿದ ಬದಿ. ಇನ್ನೊಂದು ತುದಿಗೆ ನಾಲ್ಕು ಬೆರಳಿನ ಮುಚ್ಚಳ, ಬುಡದಲ್ಲಿ ಮೈಯಷ್ಟೇ ಅಗಲ, ಆಮೇಲೆ ಹೆಗಲಿನಂತೆ ಇಳಿದು ತುದಿಯಲ್ಲಿ ಮೂರು ಬೆರಳಿನ ನಾಲಗೆ. ಮೇಲಿನ ಪಟ್ಟಿಯ ಬಾಯಂಚಿನ ನಡುವೆ ಹೆಬ್ಬೆರಳು ಕೂರುವಷ್ಟು ಅರ್ಧಚಂದ್ರ ಕತ್ತರಿಸಿ, ಕಾಗದ ಚಿವುಟಿ ತೆಗೆಯಲು ಬೇಕು.

ಮಡಿಕೆಗೆ ಮೊದಲು ಗೆರೆ ಒತ್ತಿ. ರೀಫಿಲ್ ಮುಗಿದ ಬಾಲ್ ಪೆನ್ನು, ಸ್ಕೇಲು, ಕೆಳಗೆ ಹಳೆಯ ಪತ್ರಿಕೆ, ಇಷ್ಟು ಸಾಕು. ಬಾಯಿಯ ಮಡಿಕೆಗೆ ಮಾತ್ರ ಒಂದು ಗೆರೆ ಸಾಲದು, ಅಕ್ಕಿಕಾಳಿನ ಉದ್ದದಷ್ಟು ಬಿಟ್ಟು ಎರಡು ಗೆರೆ ಒತ್ತಬೇಕು. ತುಂಬಿದ ಲಕೋಟೆಗೆ ದಪ್ಪ ಇರುತ್ತದೆ, ಆ ದಪ್ಪಕ್ಕೆ ಬೆನ್ನು ಬೇಕಲ್ಲ. ಒಂದೇ ಗೆರೆಯಲ್ಲಿ ಮಡಚಿ, ಉಗುರಿನಿಂದ ತಿಕ್ಕಿ ತಿಕ್ಕಿ ಹರಿತ ಮಾಡುವವರನ್ನು ನೋಡಿದ್ದೇನೆ. ನಾಲ್ಕು ಕಾಗದ ಇಟ್ಟ ಕೂಡಲೇ ಅಲ್ಲೇ ಬಿರುಕು.

ಈಗ ನನ್ನ ಮಾತಿಗೆ ಬರುತ್ತೇನೆ. ಇದೊಂದನ್ನು ಸರಿಯಾಗಿ ಮಾಡಿ, ಉಳಿದದ್ದು ಸ್ವಲ್ಪ ಅತ್ತಿತ್ತ ಆದರೂ ನಡೆಯುತ್ತದೆ. ಎಲ್ಲರೂ ಮೊದಲು ಅಂಟಿಸಿ, ಒಣಗಿಸಿ, ಕೊನೆಗೆ ಬ್ಲೇಡು ಹಿಡಿದು ಸೀಳು ಕೊಡುತ್ತಾರೆ. ಆಗ ಹಿಂದಿನ ಪದರವೂ ಕೊಯ್ದುಹೋಗುತ್ತದೆ. ಅಲ್ಲದೆ ಖಾಲಿ ಲಕೋಟೆಯ ಮೇಲೆ ಗುರುತು ಮಾಡಿದ ಸೀಳು ತುಂಬಿದ ಲಕೋಟೆಗೆ ಸರಿಹೋಗುವುದೇ ಇಲ್ಲ, ಮುಚ್ಚಳ ಗಿಡ್ಡವಾಗಿ ಸೀಳನ್ನು ಎಳೆಯುತ್ತಲೇ ಇರುತ್ತದೆ. ಅಂಟು ಮುಟ್ಟುವ ಮೊದಲೇ ಎಲ್ಲ ಮಡಿಕೆಗಳನ್ನೂ ಮಡಚಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸಿ, ಒಳಗೆ ಇಡಬೇಕಾದ ಕಾಗದಗಳನ್ನು ಪೂರ್ತಿ ತುಂಬಿ. ಮುಂದೆ ಇನ್ನೂ ನಾಲ್ಕು ಸೇರುವುದಿದ್ದರೆ ಅಷ್ಟು ದಪ್ಪದ ಬೇರೆ ಕಾಗದವನ್ನೂ ಸೇರಿಸಿ. ಮುಚ್ಚಳವನ್ನು ಎಳೆಯದೆ, ತಾನಾಗಿ ಬೀಳುವ ಹಾಗೆ ಹಿಂಬದಿಗೆ ಮಲಗಿಸಿ. ನಾಲಗೆಯ ಕತ್ತು ಎಲ್ಲಿ ಕೂತಿತೋ ಅಲ್ಲಿ ಪೆನ್ಸಿಲಿನಿಂದ ಎರಡು ಚುಕ್ಕಿ ಇಡಿ. ಆಮೇಲೆ ಎಲ್ಲವನ್ನೂ ಬಿಚ್ಚಿ ಹಾಸಿ.

ಕತ್ತು ಎಂದೆ, ಅದೇನೆಂದು ಹೇಳಿಬಿಡುತ್ತೇನೆ. ನಾಲಗೆ ನೇರ ಪಟ್ಟಿಯಾಗಿದ್ದರೆ ಹೇಗೆ ಒಳಹೋಯಿತೋ ಹಾಗೆಯೇ ಹೊರಬರುತ್ತದೆ. ತುದಿಯಿಂದ ಹೆಬ್ಬೆರಳಿನ ಅಗಲ ಹಿಂದಕ್ಕೆ, ಎರಡೂ ಬದಿಯಲ್ಲಿ ಅಕ್ಕಿಕಾಳಿನ ಉದ್ದದಷ್ಟು ಒಳಗೆ ತೆಗೆದು ಕತ್ತು ಮಾಡಿ. ಮುಂದಿನ ಭಾಗ ತಲೆಯಾಯಿತು. ತಲೆಯ ಮೂಲೆಗಳು ದುಂಡಗಿರಲಿ, ಕತ್ತಿನ ಮೂಲೆಗಳೂ ದುಂಡಗಿರಲಿ. ಚೂಪಾದ ಒಳಮೂಲೆ ಎಲ್ಲಿದೆಯೋ ಹರಕು ಅಲ್ಲಿಂದಲೇ ಹುಟ್ಟುತ್ತದೆ. ಸೀಳಿನ ಉದ್ದ ಕತ್ತಿಗಿಂತ ಕೂದಲೆಳೆಯಷ್ಟು ಹೆಚ್ಚು, ತಲೆಗಿಂತ ಕಡಿಮೆ. ಹಾಕುವಾಗ ತಲೆಯನ್ನು ಎರಡು ಬೆರಳಿನಿಂದ ದೋಣಿಯಂತೆ ಬಾಗಿಸಿದರೆ ಒಳಗೆ ಜಾರುತ್ತದೆ, ಬಿಟ್ಟ ಕೂಡಲೇ ಹರಡಿಕೊಂಡು ನಿಲ್ಲುತ್ತದೆ. ಸರಿಯಾಗಿ ಕೂತಾಗ ಬೆರಳಿಗೆ ಒಂದು ಸಣ್ಣ "ಟಕ್" ತಿಳಿಯುತ್ತದೆ. ಅದು ತಿಳಿಯುವವರೆಗೆ ನಾನು ಬಿಡುವುದಿಲ್ಲ.

ಇನ್ನು ಸೀಳು. ಚುಕ್ಕಿಗಳಿರುವ ಜಾಗದ ಒಳಮೈಗೆ, ಸೀಳಿಗಿಂತ ಸುತ್ತಲೂ ಒಂದು ಬೆರಳು ದೊಡ್ಡದಾದ ತೇಪೆಯನ್ನು ಪೂರ್ತಿ ಅಂಟಿಸಿ ಒಣಗಲು ಬಿಡಿ. ಈಗ ಕಾಗದ ಅಲ್ಲಿ ಎರಡು ಪದರ. ಚುಕ್ಕಿಗಳ ಮೇಲೆ ದಪ್ಪ ಸೂಜಿಯಿಂದ ಚುಚ್ಚಿ ಎರಡು ದುಂಡು ತೂತು ಮಾಡಿ, ತೂತಿನಿಂದ ತೂತಿಗೆ ಮಾತ್ರ ಬ್ಲೇಡು ಎಳೆಯಿರಿ. ಸೀಳಿನ ತುದಿ ತೂತಿನಲ್ಲಿ ಮುಗಿದರೆ ಎಳೆತ ಒಂದೇ ಬಿಂದುವಿಗೆ ಬೀಳದೆ ದುಂಡಗಿನ ಅಂಚಿನಲ್ಲಿ ಹಂಚಿಹೋಗುತ್ತದೆ, ಹರಕು ಅಲ್ಲಿಂದ ಮುಂದೆ ಓಡುವುದಿಲ್ಲ. ಸೀಳು ನೇರ ಗೆರೆಯಾಗಿರಬಾರದು, ತೆಳ್ಳಗಿನ ಬಿದಿಗೆ ಚಂದ್ರನಂತೆ ಬಾಗಿರಬೇಕು, ಚಂದ್ರನ ಬೆನ್ನು ಲಕೋಟೆಯ ಬಾಯಿಯ ಕಡೆಗೆ. ಹಾಗಿದ್ದರೆ ಉಗುರು ಸೋಕಿಸಿದರೆ ಸಾಕು, ತುಟಿಯಂತೆ ಮೇಲೆದ್ದು ನಾಲಗೆಯನ್ನು ಬರಮಾಡಿಕೊಳ್ಳುತ್ತದೆ. ನೇರ ಸೀಳಿನಲ್ಲಿ ನಾಲಗೆಯ ತುದಿಯನ್ನು ತುರುಕಿ ತುರುಕಿ ಮುದುಡಿಸಬೇಕಾಗುತ್ತದೆ.

ಇಷ್ಟಕ್ಕೇ ನಿಲ್ಲಿಸುವವರು ಬಹಳ, ನಾನು ನಿಲ್ಲಿಸುವುದಿಲ್ಲ. ಒಳಮೈಯಲ್ಲಿ ಸೀಳನ್ನು ಮುಚ್ಚುವ ಹಾಗೆ ಇನ್ನೊಂದು ದೊಡ್ಡ ತೇಪೆ ಹಾಕಿ. ಇದಕ್ಕೆ ಅಂಟು ನಾಲ್ಕು ಅಂಚಿಗೆ ಮಾತ್ರ, ನಡುವೆ ಒಂದು ಹನಿಯೂ ಬೇಡ. ನಾಲಗೆಗೆ ಈಗ ತನ್ನದೇ ಆದ ಜೇಬು ಸಿಕ್ಕಿತು. ಒಳಗಿನ ಕಾಗದಕ್ಕೆ ನಾಲಗೆ ತಾಗುವುದಿಲ್ಲ, ಕಾಗದ ಹಾಕುವಾಗ ಅದರ ಮೂಲೆ ಸೀಳಿನಿಂದ ಹೊರಗೆ ಇಣುಕುವುದೂ ಇಲ್ಲ. ಹಿಂದೆ ಒಂದು ಕಚೇರಿಗೆ ನಾನು ಕೊಟ್ಟ ಮೂಲ ಪತ್ರವೊಂದು ಮೂಲೆ ಹರಿದು ವಾಪಸು ಬಂತು. ಅವರ ಲಕೋಟೆಯ ನಾಲಗೆಯ ಜೊತೆಗೇ ಅದನ್ನೂ ಎಳೆದಿದ್ದರು. ಆ ಹರಿದ ಮೂಲೆಯಲ್ಲಿ ಸಹಿಯ ಕೊನೆಯ ಅಕ್ಷರ ಇತ್ತು. ಅಂದಿನಿಂದ ಜೇಬಿಲ್ಲದ ಸೀಳನ್ನು ನಾನು ಮಾಡಿದ್ದಿಲ್ಲ.

ಹೊಲಿಗೆ ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ, ಕಾಜಾದ ಎರಡು ತುದಿಗೆ ನಾಲ್ಕು ಹೊಲಿಗೆ ಹೆಚ್ಚು ಹಾಕುವುದೂ ಇದಕ್ಕೇ. ಮಾತು ಬಂದಾಗ ಹೇಳಿಬಿಡುತ್ತೇನೆ: ಗುಂಡಿಯನ್ನು ಬಟ್ಟೆಗೆ ಒತ್ತಿ ಬಿಗಿಯಾಗಿ ಹೊಲಿಯಬೇಡಿ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ದಾರ ಹಾಯಿಸಿ, ಆಮೇಲೆ ಕಡ್ಡಿ ಎಳೆದು, ಗುಂಡಿಯನ್ನು ಮೇಲಕ್ಕೆತ್ತಿ, ಕೆಳಗೆ ಸಡಿಲಾದ ದಾರಕ್ಕೆ ಐದಾರು ಸುತ್ತು ಸುತ್ತಿ ಗಂಟು ಹಾಕಿ. ಗುಂಡಿಗೂ ಕತ್ತು ಬೇಕು. ಕತ್ತಿಲ್ಲದ ಗುಂಡಿ ದಪ್ಪ ಬಟ್ಟೆಯ ಕಾಜಾದೊಳಗೆ ಕೂರಲಾರದೆ ಬಟ್ಟೆಯನ್ನೇ ಕಿತ್ತುಕೊಂಡು ಬರುತ್ತದೆ. ಅಂಗಿ ಬಿಸಾಡಿ ಹೊಸದು ಕೊಳ್ಳುವ ಮೊದಲು ಇದನ್ನಾದರೂ ಕಲಿಯಿರಿ.

ಅಂಟಿನ ವಿಷಯ ಹೆಚ್ಚಿಲ್ಲ. ಮೈದಾ ಅಂಟಾದರೂ ಸರಿ, ಗೋಂದಾದರೂ ಸರಿ, ತೆಳುವಾಗಿ ಹಚ್ಚಿ. ನೀರು ಕುಡಿದ ನಾರು ಅಡ್ಡಕ್ಕೆ ಉಬ್ಬುತ್ತದೆ, ಅಂಟು ಹೆಚ್ಚಾದರೆ ಕೂಡಿನ ಉದ್ದಕ್ಕೂ ನಿರಿಗೆ ಏಳುತ್ತದೆ. ಬೆರಳಿನಿಂದ ಬಳಿಯಬೇಡಿ, ರಟ್ಟಿನ ತುಂಡಿನ ಅಂಚಿನಿಂದ ಎಳೆಯಿರಿ. ಮೊದಲು ಕೆಳಗಿನ ಪಟ್ಟಿ ಮೇಲೆ, ಅದರ ಅಂಚಿಗೆ ಅಂಟು, ಆಮೇಲೆ ಮೇಲಿನ ಪಟ್ಟಿ ಕೆಳಗೆ. ತುದಿಯ ಪಟ್ಟಿಯನ್ನು ಕೊನೆಗೆ ಹೊರಗಿನಿಂದ ಅಂಟಿಸಿ, ಒಳಗೆ ಮಡಚಿದರೆ ಕಾಗದದ ಮೂಲೆ ಅದರಡಿ ಸಿಕ್ಕಿಕೊಳ್ಳುತ್ತದೆ. ಹೆಸರು, ವರ್ಷ ಏನು ಬರೆಯಬೇಕೋ ಅದನ್ನು ಅಂಟಿಸುವ ಮೊದಲೇ ಬರೆದುಬಿಡಿ. ಆಮೇಲೆ ಬರೆದರೆ ಪೆನ್ನಿನ ಗುರುತು ಒಳಗಿನ ಕಾಗದದ ಮೇಲೂ ಮೂಡುತ್ತದೆ.

ಒಣಗುವಾಗ ಒಳಗೆ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ತೂರಿಸಿ, ಉಕ್ಕಿದ ಅಂಟು ಹಿಂದು ಮುಂದನ್ನು ಸೇರಿಸಿಬಿಡದಂತೆ. ನಾಲಗೆಯನ್ನು ಸೀಳಿಗೆ ಹಾಕದೆ ಬಿಡಿಸಿಟ್ಟು, ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದ ತುಂಬಿ, ನಾಲಗೆ ಸಿಕ್ಕಿಸಿ, ಮುಚ್ಚಿದ ತುದಿಯನ್ನು ಹಿಡಿದು ಬಾಯಿಯನ್ನು ಕೆಳಗೆ ಮಾಡಿ ಎರಡು ಸಲ ಜೋರಾಗಿ ಕೊಡವಿ. ನಾಲಗೆ ಅಲ್ಲಾಡದಿದ್ದರೆ ಸರಿಯಾಯಿತು. ಜಾರಿದರೆ ಕತ್ತನ್ನು ಇನ್ನೊಂದು ಕೂದಲೆಳೆ ಒಳಗೆ ತೆಗೆಯಿರಿ, ಸೀಳನ್ನು ಮಾತ್ರ ಮುಟ್ಟಬೇಡಿ.