ಮೊದಲು ಕಡಲು, ಆಮೇಲೆ ಕಾಡು: ಕೀನ್ಯಾ ಸಫಾರಿ ಮೂರನೇ ಸಲಕ್ಕೆ ಕೈಹತ್ತಿದ್ದು

"ಫೆಬ್ರವರಿಯಲ್ಲಿ ಮಾರಾಗೆ ಹೋಗಿ ಏನು ನೋಡ್ತೀಯಪ್ಪಾ? ಹುಲ್ಲಾ?" ಭಾವ ಕೇಳಿದ್ದು ಹೀಗೆ. ಅವರೊಬ್ಬರೇ ಅಲ್ಲ, ಮೊದಲು ಹೋಗಿ ಬಂದಿದ್ದ ಗೆಳೆಯರೂ ಅದನ್ನೇ ಹೇಳಿದ್ದರು. ಕೀನ್ಯಾದ ಮಸಾಯಿ ಮಾರಾ ಕಾಡು ಎಂದರೆ ಆಗಸ್ಟ್, ದನದ ಹಾಗಿರುವ ಜಿಂಕೆ ಜಾತಿಯ ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವುದು, ಅಷ್ಟೇ ಅಂತ ಎಲ್ಲರ ಲೆಕ್ಕ. ನಾನು ಕೇಳಲಿಲ್ಲ. 2025ರ ಫೆಬ್ರವರಿಯಲ್ಲಿ ನಾನು, ಹೆಂಡತಿ, ಅಕ್ಕ, ಭಾವ ನಾಲ್ಕೂ ಜನ ಹೋಗಿ ಬಂದೆವು. ಕಾಡು, ಕೆರೆ, ಕಡಲು ಮೂರೂ ಒಂದೇ ಪ್ರವಾಸದಲ್ಲಿ ಸರಿಯಾಗಿ ಕೂತವು. ಖರ್ಚೂ ಕಡಿಮೆಯಾಯಿತು. ಹೇಗೆ ಅಂತ ಬರೆಯುತ್ತಿದ್ದೇನೆ. ಇ-ಟಿಎ (ದೇಶದೊಳಗೆ ಹೋಗಲು ಆನ್‌ಲೈನ್ ಅನುಮತಿ) ಮಾಡುವುದು, ಸಿಮ್ ತಗೊಳ್ಳುವುದು ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ಸೋತ ಕಥೆ.

2018ರಲ್ಲಿ ಮೊದಲ ಸಲ ಹೋದಾಗ ಆಸೆ ಜಾಸ್ತಿ. ಎಂಟು ರಾತ್ರಿಯಲ್ಲಿ ಅಂಬೊಸೆಲಿ ಕಾಡು, ನೈವಾಶಾ ಮತ್ತು ನಕುರು ಕೆರೆ, ಮಾರಾ, ಮೊಂಬಾಸಾ ಕಡಲು. ಐದು ಜಾಗ. ಪ್ರತಿದಿನ ಬೆಳಗ್ಗೆ ಗಂಟುಮೂಟೆ ಕಟ್ಟುವುದು, ಸಂಜೆ ಬಿಚ್ಚುವುದು. ವ್ಯಾನಿನ ಹಿಂದಿನ ಸೀಟಲ್ಲಿ ಕೂತು ನನ್ನ ಸೊಂಟ ಬಿದ್ದೇ ಹೋಯಿತು. ಅಂಬೊಸೆಲಿಗೆ ಒಂದೇ ರಾತ್ರಿ ಇಟ್ಟಿದ್ದೆ. ಕಿಲಿಮಂಜಾರೋ ಮೋಡದೊಳಗಿಂದ ಹೊರಗೆ ಬರಲೇ ಇಲ್ಲ. ಮುಂಜಾನೆ ಶಿಖರ ಕಾಣುವುದು ಹೆಚ್ಚು, ಆದರೆ ಒಂದೇ ಮುಂಜಾನೆ ಇಟ್ಟುಕೊಂಡರೆ ಅದು ಜೂಜು. ನಕುರುಗೆ ಹೋದದ್ದು ಫ್ಲೆಮಿಂಗೊ ನೋಡಲು. ಹಳೇ ಫೋಟೋಗಳಲ್ಲಿ ಇಡೀ ಕೆರೆ ಗುಲಾಬಿ ಇರುತ್ತದಲ್ಲ, ಅದೇ ಮನಸ್ಸಲ್ಲಿತ್ತು. ಅಲ್ಲಿ ಕಂಡದ್ದು ನೀರಲ್ಲಿ ಮುಳುಗಿ ಒಣಗಿ ನಿಂತ ಮರಗಳು. ಸುಮಾರು 2010ರಿಂದ ಈಚೆಗೆ ರಿಫ್ಟ್ ಕಣಿವೆಯ ಕೆರೆಗಳಲ್ಲಿ ನೀರು ಏರುತ್ತಾ ಬಂದಿದೆ. ನೀರು ಏರಿದಾಗ ಕ್ಷಾರ ತೆಳುವಾಗುತ್ತದೆ, ಫ್ಲೆಮಿಂಗೊ ತಿನ್ನುವ ಪಾಚಿ ಕಡಿಮೆಯಾಗುತ್ತದೆ, ಹಕ್ಕಿ ಬೇರೆ ಕೆರೆಗೆ ಹೋಗುತ್ತದೆ. ಇದನ್ನು ಹೋಗುವ ಮೊದಲೇ ತಿಳಿದುಕೊಳ್ಳಬೇಕಿತ್ತು.

ಎರಡನೇ ಸಲ 2024ರ ಆಗಸ್ಟ್. ಈ ಸಲ ಜಾಗ ಕಡಿಮೆ ಮಾಡಿದೆ: ನೈವಾಶಾ, ಮಾರಾ, ಮೊಂಬಾಸಾ ಹತ್ತಿರದ ದಿಯಾನಿ ಕಡಲತೀರ. ಆದರೆ ದುಡ್ಡಲ್ಲಿ ಪೆಟ್ಟು ಬಿತ್ತು. ಮಾರಾ ರಿಸರ್ವ್ ಟಿಕೆಟ್ ಜನವರಿಯಿಂದ ಜೂನ್‌ವರೆಗೆ ವಿದೇಶಿಯರಿಗೆ ತಲೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಮೊದಲು 24 ಗಂಟೆ ನಡೆಯುತ್ತಿದ್ದ ಟಿಕೆಟ್ ಈಗ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ನಮ್ಮ ಟ್ರಿಪ್ ಮಾಡಿಕೊಟ್ಟವರು ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮಧ್ಯಾಹ್ನ ಮೂರೂವರೆಗೆ ಗೇಟ್ ದಾಟಿದೆವು. ಎರಡೂವರೆ ಗಂಟೆ ಸುತ್ತಿದ್ದಕ್ಕೆ ನಾಲ್ಕು ಜನರಿಗೆ 800 ಡಾಲರ್! ಅದೂ ಸೇರಿ ಮೂರು ದಿನಕ್ಕೆ ಬರೀ ಗೇಟಿಗೆ 2400 ಡಾಲರ್ ಸುರಿದೆವು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಹಿಂಡು ನದಿ ದಾಟುವುದಾದರೂ ನೋಡಲು ಸಿಕ್ಕಿತಾ? ಇಲ್ಲ. ನದಿ ದಡದಲ್ಲಿ ಐದು ಗಂಟೆ ಕಾದೆವು. ಹಿಂಡು ನೀರಿನ ಅಂಚಿಗೆ ಬರುತ್ತದೆ, ಮುಂದಿನದು ಮೂಗು ತಾಗಿಸುತ್ತದೆ, ಯಾವುದೋ ಜೀಬ್ರಾ ಬೆದರಿದರೆ ಇಡೀ ಹಿಂಡು ಧೂಳೆಬ್ಬಿಸಿ ವಾಪಸ್. ಹೀಗೆ ನಾಲ್ಕು ಸಲ. ಪಕ್ಕದಲ್ಲಿ ನಲವತ್ತು-ಐವತ್ತು ಗಾಡಿಗಳು. ಕೆಲವರಿಗೆ ಮೊದಲ ಹತ್ತು ನಿಮಿಷಕ್ಕೇ ಸಿಗುತ್ತದೆ, ನಮಗೆ ಸಿಗಲಿಲ್ಲ. ಅಲ್ಲಿಂದ ದಿಯಾನಿಗೆ ಹೋದರೆ ಕುಸಿ ಗಾಳಿ ಬೀಸುತ್ತಿತ್ತು. ಏಪ್ರಿಲ್-ಮೇಯಿಂದ ಸೆಪ್ಟೆಂಬರ್‌ವರೆಗೆ ಆ ಕರಾವಳಿಯಲ್ಲಿ ಬೀಸುವ ಆಗ್ನೇಯ ಗಾಳಿ ಅದು. ನೀರು ಕದಡಿ ಬೆಳ್ಳಗಾಗಿತ್ತು. ಇನ್ನೂ ಕೆಟ್ಟದ್ದೆಂದರೆ, ಬೆಳಗ್ಗೆ ತಿಂಡಿ ತಿಂದು ಟವಲ್ ಹಿಡಿದು ಹೋದರೆ ಸಮುದ್ರವೇ ಇಲ್ಲ! ಹವಳದ ದಿಬ್ಬದವರೆಗೆ ನೀರು ಹಿಂದೆ ಸರಿದಿತ್ತು. ಈಜು ಹೋಗಲಿ, ಸೀ ಅರ್ಚಿನ್ ಎಂಬ ಕಡಲ ಜೀವಿಯ ಮುಳ್ಳು ಚುಚ್ಚೀತು ಅಂತ ಚಪ್ಪಲಿ ಬಿಟ್ಟು ಕಾಲಿಡುವ ಹಾಗೂ ಇರಲಿಲ್ಲ.

ನನ್ನ ದಾರಿ ಹುಟ್ಟಿದ್ದು ಆ ಬೆಳಗ್ಗೆಯೇ.

ಅವತ್ತು ಸಂಜೆ ದಡದಲ್ಲಿದ್ದ ಒಬ್ಬ ದೋಣಿಯವರ ಹತ್ತಿರ ಕೂತು ಮಾತಾಡಿದೆ. ಅವರು ಹೇಳಿದ್ದು ಇಷ್ಟು: ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ತುಂಬಾ ಏರುತ್ತದೆ, ಅಷ್ಟೇ ಇಳಿಯುತ್ತದೆ. ಆ ದಿನಗಳಲ್ಲಿ ಇಲ್ಲಿ ಉಬ್ಬರ ಸುಮಾರು ಸಂಜೆ ನಾಲ್ಕಕ್ಕೆ, ಇಳಿತ ಬೆಳಗ್ಗೆ ಹತ್ತರ ಹೊತ್ತಿಗೆ. ನಾವು ಹೋದದ್ದು ಸರಿಯಾಗಿ ಹುಣ್ಣಿಮೆ ಮರುದಿನ. ಅರ್ಧ ಚಂದ್ರ ಇರುವಾಗ ಏರಿಳಿತ ಕಡಿಮೆ, ಉಬ್ಬರ ಬರುವುದು ಬೆಳಗ್ಗೆ ಹತ್ತು-ಹನ್ನೊಂದಕ್ಕೆ. ಅಂದರೆ ನಮ್ಮ ಲೆಕ್ಕದಲ್ಲಿ ಅಷ್ಟಮಿ. ಅದಾದ ಎರಡು ಮೂರು ದಿನವೂ ಚೆನ್ನಾಗಿರುತ್ತದೆ. ರೂಮಿಗೆ ಬಂದು ಮೊಂಬಾಸಾದ ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ತೆಗೆದು ಒಂದು ವರ್ಷದ್ದು ಹೊಂದಿಸಿ ನೋಡಿದೆ. ಸರಿಯಾಗಿತ್ತು.

ಹಾಗಾಗಿ ಮೂರನೇ ಸಲ ಉಲ್ಟಾ ಹೋದೆ. ಮೊದಲು ಕಡಲಿಗೆ ತಿಂಗಳು ಆರಿಸಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಸ್ಕಾಜಿ, ಅಂದರೆ ಈಶಾನ್ಯ ಗಾಳಿ. ನೀರು ಬೆಚ್ಚಗೆ, ತಿಳಿಯಾಗಿ ಇರುತ್ತದೆ. ಮಾರ್ಚ್ ಕೊನೆಯಿಂದ ದೊಡ್ಡ ಮಳೆ ಶುರು, ಆಗ ಮಾರಾದ ಎರೆ ಮಣ್ಣಲ್ಲಿ ಗಾಡಿ ಹೂತುಕೊಂಡರೆ ದಿನವೇ ಹೋಯಿತು. ಡಿಸೆಂಬರ್ ರಜೆಯಲ್ಲಿ ರೇಟು ಜಾಸ್ತಿ. ಉಳಿದದ್ದು ಜನವರಿ, ಫೆಬ್ರವರಿ. ಆಮೇಲೆ ಅಷ್ಟಮಿ ನೋಡಿದೆ: ಫೆಬ್ರವರಿ 20. ದಿಯಾನಿಗೆ 19ರಿಂದ 23 ಅಂತ ಗಟ್ಟಿ ಮಾಡಿದೆ. ಅಲ್ಲಿಂದ ಹಿಂದಕ್ಕೆ ಎಣಿಸಿದೆ. ಮಾರಾಗೆ ಮೂರು ರಾತ್ರಿ, ಅದಕ್ಕೂ ಮುಂಚೆ ಕೆರೆಗೆ ಎರಡು ರಾತ್ರಿ. ಅಷ್ಟಮಿ-ನವಮಿ ನೋಡಿ ಪ್ರವಾಸ ಇಟ್ಟುಕೊಳ್ಳುತ್ತಾರಾ ಅಂತ ಅಕ್ಕ ಬೇಜಾರು ಮಾಡಿಕೊಂಡಳು. ಮನೆ ಬಿಡುವುದು ಅವತ್ತಲ್ಲ, ಅವತ್ತು ನೀರಲ್ಲಿರುವುದು ಅಷ್ಟೇ ಅಂತ ಒಪ್ಪಿಸಿದೆ.

ಕೆರೆ ಯಾವುದು ಅನ್ನುವುದಕ್ಕೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಏನು ಬೇಕು? ಹಿಪ್ಪೊ, ಮೀನು ಹಿಡಿಯುವ ಹದ್ದು, ದೋಣಿ, ಕಾಲ್ನಡಿಗೆ ಬೇಕಿದ್ದರೆ ನೈವಾಶಾ. ಅದು ಸಿಹಿನೀರು. ಖಡ್ಗಮೃಗ ಬೇಕಿದ್ದರೆ ನಕುರು. ಸುತ್ತ ಬೇಲಿ ಇರುವ, ಸುಮಾರು 188 ಚದರ ಕಿ.ಮೀ. ಪಾರ್ಕ್ ಅದು, ಕಪ್ಪು ಬಿಳಿ ಎರಡೂ ಜಾತಿಯವು ಇವೆ. ಮಾರಾದಲ್ಲಿ ಖಡ್ಗಮೃಗ ಕಾಣುವುದು ಕಷ್ಟ. ಫ್ಲೆಮಿಂಗೊ ಬೇಕಿದ್ದರೆ ಬೊಗೊರಿಯಾ. 2024ರಲ್ಲಿ ನಾನು ಪ್ರಯೋಗಕ್ಕೆ ಅಂತ ಒಂದು ದಿನ ಬೊಗೊರಿಯಾಕ್ಕೆ ಹೋಗಿ ಬಂದಿದ್ದೆ. ದಡದಲ್ಲಿ ಬಿಸಿನೀರಿನ ಬುಗ್ಗೆ ಕುದಿಯುತ್ತದೆ, ಆಚೆ ಗುಲಾಬಿ ಪಟ್ಟಿ. ನೋಡಲು ಅದ್ಭುತ, ಆದರೆ ನೈವಾಶಾದಿಂದ ಹೋಗಿ ಬರುವುದರಲ್ಲಿ ದಿನ ಮುಗಿಯುತ್ತದೆ. ಹಕ್ಕಿ ಹುಚ್ಚಿದ್ದರೆ ಮಾತ್ರ ಹೋಗಿ.

ನಾವು ನೈವಾಶಾದಲ್ಲೇ ಉಳಿದು ಒಂದು ದಿನ ನಕುರುಗೆ ಹೋಗಿ ಬಂದೆವು. ಒಂದೂವರೆ ಗಂಟೆ ದಾರಿ. ಆಗ ಟಿಕೆಟ್ ತಲೆಗೆ 60 ಡಾಲರ್ ಇತ್ತು. ಗೇಟಲ್ಲಿ ನಗದು ತಗೊಳ್ಳಲ್ಲ, ಆನ್‌ಲೈನಲ್ಲೇ ಕಟ್ಟಬೇಕು. ಊಟದ ಹೊತ್ತಿಗೆ ಏಳು ಖಡ್ಗಮೃಗ ಎಣಿಸಿದ್ದೆವು. ಇನ್ನೊಂದು ಬೆಳಗ್ಗೆ ನೈವಾಶಾ ಕೆರೆಯ ಕ್ರೆಸೆಂಟ್ ಐಲೆಂಡಿನಲ್ಲಿ ಜಿರಾಫೆಗಳ ನಡುವೆ ನಡೆದೆವು. ಕೆರೆಯನ್ನು ಮೊದಲು ಇಡುವುದಕ್ಕೆ ಕಾರಣವೂ ಇದೇ. ವಿಮಾನದ ಆಯಾಸ ನಡೆದಾಡಿ ಕಳೆಯುತ್ತದೆ, ನೈವಾಶಾ ಮಾರಾ ದಾರಿಯಲ್ಲೇ ಸಿಗುತ್ತದೆ. ಮಾರಾ ನೋಡಿದ ಮೇಲೆ ಕೆರೆಗೆ ಬಂದರೆ ಎಲ್ಲ ಸಪ್ಪೆ.

ಇನ್ನು ಮಾರಾ. ಹೋದ ದಿನ ಗೇಟ್ ದಾಟಲಿಲ್ಲ. ರಿಸರ್ವ್ ಹೊರಗಿನ ಕ್ಯಾಂಪಲ್ಲಿ ಇಳಿದು ಸಂಜೆ ಅಲ್ಲೇ ಕಳೆದೆವು. ಮುಂದಿನ ಎರಡು ದಿನ ಬೆಳಗ್ಗೆ ಆರಕ್ಕೆ ಒಳಗೆ, ಊಟ ಡಬ್ಬಿಯಲ್ಲಿ, ಸಂಜೆ ಆರಕ್ಕೆ ಹೊರಗೆ. ಹನ್ನೆರಡು ಗಂಟೆಗೆ ಕೊಟ್ಟ ದುಡ್ಡಿಗೆ ಹನ್ನೆರಡು ಗಂಟೆ ಪೂರ್ತಿ. ನಾಲ್ಕು ಜನರಿಗೆ ಎರಡು ದಿನಕ್ಕೆ 800 ಡಾಲರ್. ಹಿಂದಿನ ಸಲ ಎರಡೂವರೆ ಗಂಟೆಗೆ ಕೊಟ್ಟ ಅದೇ 800! ಕ್ಯಾಂಪಿನ ಹೆಸರು ಮಾತ್ರ ಕೇಳಬೇಡಿ. ಬರೀ ಎಂಟು ಟೆಂಟ್ ಇವೆ, ಇನ್ನೊಮ್ಮೆ ಮಾರಾಗೆ ಹೋದಾಗ ನನಗೇ ಬೇಕು.

ವೈಲ್ಡ್‌ಬೀಸ್ಟ್ ಹಿಂಡು ಹೋದರೂ ಸಿಂಹ, ಚೀತಾ ಅದರ ಹಿಂದೆ ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಕಾಡಿಗೆ ಗಂಟು ಕಟ್ಟಿಕೊಂಡು ಹೋಗಲ್ಲ. ಸಿಂಹಕ್ಕೆ ಅದರದೇ ಜಾಗ ಇದೆ, ಕಾಡುಹಂದಿ, ಕಾಡೆಮ್ಮೆ, ಟೋಪಿ ಅನ್ನುವ ಜಿಂಕೆ ತಿಂದುಕೊಂಡು ಅಲ್ಲೇ ಇರುತ್ತದೆ. ಫೆಬ್ರವರಿಯಲ್ಲಿ ಹುಲ್ಲು ಗಿಡ್ಡ, ಕಣ್ಣಿಗೆ ಬೀಳುವುದು ಸುಲಭ. ಗಾಡಿಗಳೂ ಕಡಿಮೆ. ಎರಡನೇ ದಿನ ಹತ್ತು ಗಂಟೆಗೆ ಒಂದು ಒಂಟಿ ಮರದ ನೆರಳಲ್ಲಿ ಎರಡು ಚೀತಾ, ಮುಂದೆ ಆಗಷ್ಟೇ ಹಿಡಿದ ಗಜೆಲ್ ಜಿಂಕೆ. ನಮ್ಮದೊಂದೇ ಗಾಡಿ. ಡ್ರೈವರ್ ಇಂಜಿನ್ ಆಫ್ ಮಾಡಿದರು. ಒಂದು ತಿನ್ನುವಾಗ ಇನ್ನೊಂದು ತಲೆ ಎತ್ತಿ ಕತ್ತೆಕಿರುಬ ಬಂತಾ ಅಂತ ಸುತ್ತ ನೋಡುತ್ತಿತ್ತು, ಆಮೇಲೆ ಪಾಳಿ ಬದಲು. ಪಕ್ಕೆಲುಬು ಮುರಿಯುವ ಸದ್ದು ಕೇಳುತ್ತಿತ್ತು, ಹಣೆ ಮೇಲೆ ರಕ್ತ ಒಣಗಿ ಕಂದಾಗುವುದೂ ಕಾಣುತ್ತಿತ್ತು. ನಲವತ್ತು ನಿಮಿಷ ಯಾರೂ ಬರಲಿಲ್ಲ. ಭಾವ ಫೋನ್ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತರು. "ನೀನು ಹೇಳಿದ್ದು ನಿಜ ಕಣಪ್ಪಾ" ಅಂದರು ಕೊನೆಗೆ. ಅಷ್ಟು ಸಾಕಾಯಿತು ನನಗೆ.

ಕ್ಯಾಮೆರಾದವರಿಗೆ ಒಂದು ಮಾತು. ಟ್ರೈಪಾಡ್ ಹೊತ್ತುಕೊಂಡು ಹೋಗಬೇಡಿ, ಗಾಡಿಯಲ್ಲಿ ಇಡಲು ಜಾಗ ಇರಲ್ಲ. ನಾನು ಗಟ್ಟಿ ಬಟ್ಟೆಯ ಖಾಲಿ ಚೀಲ ಹೊಲಿಸಿಕೊಂಡು ಹೋಗಿದ್ದೆ. ನರೋಕ್ ಪೇಟೆಯಲ್ಲಿ ಎರಡು ಕೆಜಿ ಒಣ ಬೀನ್ಸ್ ತಗೊಂಡು ತುಂಬಿಸಿದೆ. ಗಾಡಿಯ ಅಂಚಿನ ಮೇಲೆ ಇಟ್ಟರೆ ಲೆನ್ಸ್ ಅಲ್ಲಾಡಲ್ಲ. ಅಕ್ಕಿಯನ್ನೂ ಹಾಕಿ ನೋಡಿದೆ, ಅದು ಒತ್ತಿಕೊಂಡು ಕಲ್ಲಿನ ಹಾಗಾಗುತ್ತದೆ. ಬೀನ್ಸೇ ಸರಿ. ಹೊರಡುವ ದಿನ ಅದನ್ನು ಕ್ಯಾಂಪಿನ ಅಡುಗೆಮನೆಗೆ ಕೊಟ್ಟೆ, ಯಾಕೆಂದರೆ ಮುಂದಿನ ಸಣ್ಣ ವಿಮಾನದಲ್ಲಿ ಒಬ್ಬರಿಗೆ 15 ಕೆಜಿ ಮಾತ್ರ, ಅದೂ ಮೆತ್ತನೆ ಬ್ಯಾಗಲ್ಲಿ. ಪ್ಲಾಸ್ಟಿಕ್ ಕವರ್ ದೇಶದೊಳಗೇ ತರುವಂತಿಲ್ಲ, 2017ರಿಂದ ನಿಷೇಧ.

ಮಾರಾದಿಂದ ದಿಯಾನಿಗೆ ವಿಮಾನ ದುಬಾರಿ, ತಲೆಗೆ ಮುನ್ನೂರು ಡಾಲರ್ ಮೇಲೆಯೇ ಆಯಿತು. ಆದರೆ ರಸ್ತೆ, ರೈಲು ಅಂತ ಹೋದರೆ ಎರಡು ದಿನ ಹೋಗುತ್ತದೆ, ಅಷ್ಟಮಿ ಕೈತಪ್ಪುತ್ತದೆ. ಏರ್‌ಸ್ಟ್ರಿಪ್ ಆರಿಸುವಾಗ ರಿಸರ್ವ್ ಹೊರಗಿನದನ್ನು ಆರಿಸಿ. ಒಳಗಿನದಾದರೆ ಆ ದಿನದ ಟಿಕೆಟ್ ಲೆಕ್ಕವನ್ನು ಮೊದಲೇ ಕೇಳಿಕೊಳ್ಳಿ. ಗಾಡಿ ಖಾಲಿ ವಾಪಸ್ ಹೋಗುವ ದಿನದ ಬಾಡಿಗೆ ನಾನು ಕೊಡಲಿಲ್ಲ. ಅದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

ದಿಯಾನಿಯಲ್ಲಿ ಬೆಳಗ್ಗೆ ಹತ್ತೂವರೆಗೆ ಮೆಟ್ಟಿಲ ಹತ್ತಿರವೇ ನೀರು. ಸೊಂಟದ ಮಟ್ಟದಲ್ಲಿ ನಿಂತರೆ ಕಾಲಿನ ಉಗುರು ಕಾಣುತ್ತಿತ್ತು. ಅಕ್ಕ ಜೀವನದಲ್ಲಿ ಮೊದಲ ಸಲ ಸಮುದ್ರದಲ್ಲಿ ತೇಲಿದಳು. ಒಂದು ದಿನ ಕಿಸಿಟೆ ಮರೀನ್ ಪಾರ್ಕಿಗೆ ದೋಣಿಯಲ್ಲಿ ಹೋದೆವು, ಡಾಲ್ಫಿನ್ ಸಿಕ್ಕವು. ಹೋಟೆಲ್ ಬಿಟ್ಟು ಎರಡು ಬೆಡ್‌ರೂಮಿನ ಮನೆ ತಗೊಂಡಿದ್ದೆವು, ರಾತ್ರಿಗೆ 90 ಡಾಲರ್ ಇರಬೇಕು. ಮುಂದಿನ ರಸ್ತೆ ಮೇಲೆ ಹಗ್ಗದ ಸೇತುವೆ. ಕೊಲೊಬಸ್ ಕೋತಿಗಳು ಗಾಡಿಗೆ ಸಿಕ್ಕಿ ಸಾಯದಿರಲಿ ಅಂತ ಕಟ್ಟಿದ್ದು. ಕಪ್ಪು ಮೈ, ಭುಜದಲ್ಲಿ ಉದ್ದ ಬಿಳಿ ಕೂದಲು, ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡು ಸಾಲಾಗಿ ದಾಟುತ್ತಿದ್ದವು. ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಚಪಾತಿ ಮತ್ತು ನ್ದೆಂಗು, ಅಂದರೆ ಹೆಸರುಕಾಳಿನ ಗೊಜ್ಜು, ಎಲ್ಲ ಕಡೆ ಸಿಗುತ್ತದೆ.

ಒಟ್ಟು ಒಂಬತ್ತು ರಾತ್ರಿಗೆ, ಅಂತರರಾಷ್ಟ್ರೀಯ ವಿಮಾನ ಬಿಟ್ಟು, ತಲೆಗೆ 1600 ಡಾಲರ್ ಆಸುಪಾಸು. 2024ರಲ್ಲಿ ಇದೇ ಮೂರು ಜಾಗಕ್ಕೆ 2200 ಆಗಿತ್ತು. ಲ್ಯಾಂಡ್ ಕ್ರೂಸರ್ ಮತ್ತು ಡ್ರೈವರ್‌ಗೆ ದಿನಕ್ಕೆ ಸುಮಾರು 250. ವ್ಯಾನ್ ಅಗ್ಗ, ಆದರೆ ಸೊಂಟ ನಿಮ್ಮದು. ಹಳದಿ ಜ್ವರದ ಲಸಿಕೆಯನ್ನು ಮಾತ್ರ ಕೊನೆಗೆ ಬಿಡಬೇಡಿ. ಕನಿಷ್ಠ 10 ದಿನ ಮುಂಚೆ ಆಗಿರಬೇಕು, ಇಲ್ಲದಿದ್ದರೆ ಭಾರತಕ್ಕೆ ವಾಪಸ್ ಬಂದಾಗ ಕ್ವಾರಂಟೈನ್. ಒಮ್ಮೆ ಹಾಕಿಸಿಕೊಂಡರೆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. ಭಾವನಿಗೆ ಅರವತ್ತು ದಾಟಿದ್ದರಿಂದ ಮೊದಲು ಡಾಕ್ಟರ್ ಹತ್ತಿರ ಕೇಳಿಯೇ ಹಾಕಿಸಿದೆವು. ಮಲೇರಿಯಾ ಮಾತ್ರೆಯನ್ನೂ ಅವರೇ ಬರೆದುಕೊಟ್ಟರು.

ಮೊಂಬಾಸಾದಿಂದ ವಾಪಸ್ ನೈರೋಬಿಗೆ ರೈಲು. ಫಸ್ಟ್ ಕ್ಲಾಸ್ 4500 ಶಿಲ್ಲಿಂಗ್, ಸುಮಾರು 35 ಡಾಲರ್. ಬೆಳಗಿನ ರೈಲನ್ನೇ ಹಿಡಿಯಿರಿ, ಯಾಕೆಂದರೆ ದಾರಿ ತ್ಸಾವೊ ಈಸ್ಟ್ ಮತ್ತು ತ್ಸಾವೊ ವೆಸ್ಟ್ ಎಂಬ ಎರಡು ಕಾಡುಗಳ ನಡುವೆ ಹೋಗುತ್ತದೆ. ವೊಯ್ ಸ್ಟೇಷನ್ ದಾಟಿದ ಮೇಲೆ ಕಿಟಕಿ ಹೊರಗೆ ಇಪ್ಪತ್ತು-ಮೂವತ್ತು ಆನೆ. ಕೆಂಪು ಮಣ್ಣಲ್ಲಿ ಹೊರಳಾಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಇದಕ್ಕೆ ಗೇಟ್ ಟಿಕೆಟ್ ಇಲ್ಲ. ಮುಂದಿನ ಫೆಬ್ರವರಿಗೆ ವೊಯ್‌ನಲ್ಲೇ ಇಳಿದು, ಮಾರಾ ಬಿಟ್ಟು ತ್ಸಾವೊ ಈಸ್ಟಲ್ಲಿ ಮೂರು ರಾತ್ರಿ ಇದ್ದು ದಿಯಾನಿಗೆ ಹೋಗುವ ಯೋಚನೆ ಇದೆ. ವಿಮಾನದ ಮುನ್ನೂರು ಡಾಲರ್ ಪೂರ್ತಿ ಉಳಿಯುತ್ತದೆ. ದಿನಾಂಕ ಹುಡುಕುವ ಕೆಲಸ ಈ ಸಲ ಭಾವನೇ ವಹಿಸಿಕೊಂಡಿದ್ದಾರೆ.