ಪುಸ್ತಕ ಹರಿದು ಓದುಗರನ್ನು ಹಿಡಿದದ್ದು: ನನ್ನ ಅನುಭವ

"ಖೂನೀನ ಇಲ್ಲಂದ್ರ ಅದ್ಯಾವ ಸೀಮಿ ಪತ್ತೇದಾರೀರೀ?"

ನಮ್ಮ ಓದುಗರ ಬಳಗದ ಹಿರಿಯರೊಬ್ಬರು ಹೀಗೆ ಕೇಳಿ ಪುಸ್ತಕವನ್ನು ನನ್ನ ಕೌಂಟರ್ ಮೇಲೆ ಇಟ್ಟು ಹೋಗಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಜೀವ ಅದು. ಈಗ ಅದೇ ಹಿರಿಯರು ಒಂಬತ್ತನೇ ಪುಸ್ತಕದಲ್ಲಿದ್ದಾರೆ. ಹತ್ತನೆಯದು ಯಾವಾಗ ಅಂತ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ಹಂಚಲು ಹೊರಟದ್ದು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಬರೆದ 'ದಿ ನಂಬರ್ ಒನ್ ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ' ಸರಣಿ. ಮೊದಲ ಪುಸ್ತಕ 1998ರದ್ದು. ಇಪ್ಪತ್ತು ದಾಟಿವೆ. ಬೋಟ್ಸ್ವಾನಾ ದೇಶದ ಗ್ಯಾಬರೋನ್ ಊರು, ಪ್ರೆಶಸ್ ರಮೋತ್ಸ್ವೆ ಅನ್ನುವ ದಪ್ಪನೆಯ ಹೆಂಗಸು, ಒಂದು ಸಣ್ಣ ಬಿಳಿ ವ್ಯಾನು. ಗಂಡನ ಮೇಲೆ ಅನುಮಾನ, ಕಳೆದುಹೋದ ಮಗ, ಸುಳ್ಳು ಅಪ್ಪ, ಇಂಥ ಕೇಸುಗಳೇ ಜಾಸ್ತಿ. ನಗು ಅಂದರೆ ಹೊಟ್ಟೆ ಹಿಡಿದುಕೊಳ್ಳುವ ನಗು ಅಲ್ಲ. ಚಹಾ ಕುಡಿಯುತ್ತಾ ಒಳಗೊಳಗೇ ಬರುವ ನಗು.

ಬಳಗ ನಡೆಸುವವರಿಗೆ ಗೊತ್ತೇ ಇರುತ್ತದೆ, ಉದ್ದನೆಯ ಸರಣಿಯನ್ನು ಓದುಗರಿಗೆ ಹಚ್ಚುವುದು ಎಷ್ಟು ಕಷ್ಟ ಅಂತ. ನಾನು ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಝೆರಾಕ್ಸ್, ಸ್ಟೇಷನರಿ ಅಂಗಡಿ ಇಟ್ಟವನು. ಮೊದಲು ಸುಮ್ನೆ ಎರವಲು ಕೊಟ್ಟೆ. ಹನ್ನೊಂದು ಕೊಟ್ಟಿದ್ದೆ, ವಾಪಸ್ ಬಂದದ್ದು ನಾಲ್ಕೋ ಐದೋ. ಒಂದರಲ್ಲಿ ಎಣ್ಣೆಗಾಯಿಯ ಎಣ್ಣೆ ಮೂವತ್ತು ಪುಟದವರೆಗೆ ಇಳಿದಿತ್ತು. ಅಷ್ಟು ದೂರ ಓದಿದ್ದರೆ ಬೇಜಾರಿರಲಿಲ್ಲ, ಓದಿದ್ದು ಆರು ಪುಟ ಅಂತ ಅವರೇ ಒಪ್ಪಿಕೊಂಡರು.

ಆಮೇಲೆ ಭಾನುವಾರ ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದೆ. ಎರಡು ವಾರ ಬಂದರು, ಮೂರನೇ ವಾರ ಕುರ್ಚಿಗಳು ಮಾತ್ರ. ಕನ್ನಡಕ್ಕೆ ಮಾಡಿ ಮನೆಯಲ್ಲೇ ಓದಿ ಹೇಳೋಣ ಅಂತ ಕೂತೆ, ಮೂವತ್ತು ಪುಟಕ್ಕೆ ಕೈಬಿಟ್ಟೆ. ಆದರೆ ಆ ಮೂವತ್ತು ಪುಟ ವ್ಯರ್ಥ ಆಗಲಿಲ್ಲ. ಅಲ್ಲಿನವರು ಹೆಂಗಸರನ್ನು ಗೌರವದಿಂದ 'ಮ್ಮಾ' ಅಂತಲೂ ಗಂಡಸರನ್ನು 'ರ್ರಾ' ಅಂತಲೂ ಕರೆಯುತ್ತಾರೆ. ಇದನ್ನು ಶ್ರೀಮತಿ, ಶ್ರೀ ಅಂತ ಬರೆದರೆ ಸತ್ತ ಮಾತು. ಒಂದು ರಾತ್ರಿ ಥಟ್ಟನೆ ಹೊಳೆಯಿತು, ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು: ಬಾಯಾರು! ರಮೋತ್ಸ್ವೆ ಬಾಯಾರು. ಅವತ್ತಿನಿಂದ ನಮ್ಮ ಬಳಗದಲ್ಲಿ ಅವರಿಗೆ ಅದೇ ಹೆಸರು.

ನನ್ನ ದೊಡ್ಡ ತಪ್ಪು, ಪತ್ತೇದಾರಿ ಅಂತ ಹೇಳಿ ಮಾರಲು ಹೋದದ್ದು. ಆ ಪದ ಬಿಟ್ಟೆ. ಈಗ ಹೀಗೆ ಶುರು ಮಾಡುತ್ತೇನೆ: "ಒಬ್ಬಾಕಿ ಬಾಯಾರು ಅಪ್ಪ ಬಿಟ್ಟುಹೋದ 180 ದನ ಮಾರಿ ಒಂದು ಆಫೀಸ್ ತೆಗದ್ರು." ದನ ಮಾರಿದಳು ಅಂದ ಕೂಡಲೇ ನವಲಗುಂದದ ಕಡೆಯವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಎಲ್ಲಾ ಮಾರಿದಳಾ? ಎಷ್ಟಕ್ಕೆ? ಅಣ್ಣತಮ್ಮಂದಿರು ಸುಮ್ಮನಿದ್ದರಾ? ಆಗ ಎರಡನೆಯದು ಹೇಳುತ್ತೇನೆ. ಆ ದೇಶದ ದುಡ್ಡಿನ ಹೆಸರು ಪುಲಾ. ಅವರ ಭಾಷೆಯಲ್ಲಿ ಪುಲಾ ಅಂದರೆ ಮಳೆ. ಕಲಹಾರಿ ಮರುಭೂಮಿ ಹರಡಿಕೊಂಡ ನಾಡು, ಮಳೆಯೇ ದುಡ್ಡು. ಎರಿ ಹೊಲದ ಬಿರುಕು ನೋಡುತ್ತಾ ಮುಗಿಲಿಗೆ ಮುಖ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಧಾರವಾಡದವರಿಗೆ ಬೇರೆ ಗಾಳ. ಬಾಯಾರ ಸೆಕ್ರೆಟರಿ ಮಕುತ್ಸಿ, ಬೋಟ್ಸ್ವಾನಾ ಸೆಕ್ರೆಟೇರಿಯಲ್ ಕಾಲೇಜಿನಲ್ಲಿ 97 ಪರ್ಸೆಂಟ್ ತೆಗೆದವಳು. ಪುಸ್ತಕ ಎಷ್ಟಾದರೂ ಆಗಲಿ, ಆ 97 ಮಾತ್ರ ಮರೆಯುವುದಿಲ್ಲ, ಮರೆಯಲು ಬಿಡುವುದೂ ಇಲ್ಲ. ಕೋಚಿಂಗ್ ಕ್ಲಾಸಿನ ಫ್ಲೆಕ್ಸಿನ ಮೇಲೆ ಮಕ್ಕಳ ಫೋಟೋ, ಅಂಕ ನೋಡಿಯೇ ದಿನ ಬೆಳಗು ಮಾಡುವ ಊರಲ್ಲಿ ಇದಕ್ಕಿಂತ ದೊಡ್ಡ ಜೋಕ್ ಬೇಕಾ?

ಇಷ್ಟಾದ ಮೇಲೆ ಒಂದೇ ಒಂದು ಕೇಸು ಬಾಯಿಂದ ಹೇಳುತ್ತೇನೆ. ಒಬ್ಬಳ ಮನೆಗೆ ಎಷ್ಟೋ ವರ್ಷದ ಮೇಲೆ ಒಬ್ಬ ಬಂದು 'ನಾನೇ ನಿಮ್ಮಪ್ಪ' ಅಂತ ಉಳಿದುಬಿಡುತ್ತಾನೆ. ತಿಂದುಕೊಂಡು ಆರಾಮಾಗಿದ್ದಾನೆ. ನಿಜವಾದ ಅಪ್ಪನಾ? ಬಾಯಾರು ನರ್ಸಿನ ಬಟ್ಟೆ ಹಾಕಿಕೊಂಡು ಹೋಗುತ್ತಾರೆ. ನಿನ್ನ ಮಗಳಿಗೆ ಅಪಘಾತ ಆಗಿದೆ, ರಕ್ತ ಬೇಕು, ಸ್ವಲ್ಪ ಅಲ್ಲ, ಬಹಳ ಬೇಕು ಅನ್ನುತ್ತಾರೆ. ಇಲ್ಲಿಗೆ ನಿಲ್ಲಿಸಿ ಗಿರ್ಮಿಟ್ ತಟ್ಟೆ ಮುಂದೆ ತಳ್ಳುತ್ತೇನೆ. ಎಷ್ಟು ಬೈದರೂ ಮುಂದೆ ಹೇಳುವುದಿಲ್ಲ.

ಈಗ ಎಲ್ಲರೂ ನನ್ನನ್ನು ಹುಚ್ಚ ಅಂದ ಭಾಗ. ಇಡೀ ಪುಸ್ತಕ ಕೊಟ್ಟರೆ ತಿಂಗಳುಗಟ್ಟಲೆ ದಿಂಬಿನ ಕೆಳಗೆ ಮಲಗಿರುತ್ತದೆ. ಅದಕ್ಕೆ ಹಳೇ ಪ್ರತಿ ಕೊಂಡು ಮೂರು ತುಂಡು ಮಾಡಿದೆ. ಅಂಗಡಿಯಲ್ಲೇ ಮೆಷಿನ್ ಇದೆಯಲ್ಲ, ಝೆರಾಕ್ಸ್ ತೆಗೆದು ಹಂಚಪ್ಪ ಅಂದರು. ಅದು ಕಳ್ಳತನ, ನನಗೆ ಬೇಡ. ನನ್ನ ದುಡ್ಡಿನ ಪುಸ್ತಕ, ಹರಿದರೆ ನನ್ನಿಷ್ಟ.

ಮೊದಲನೆಯದನ್ನು ಚಾಕುವಿನಿಂದ ಸೀಳಿದೆ, ಹಾಳೆಗಳು ಕೈಗೇ ಬಂದವು. ಎರಡನೆಯದರ ಬೆನ್ನಿಗೆ ಇಸ್ತ್ರಿಪೆಟ್ಟಿಗೆ ಹಿಡಿದೆ, ಅಂಟು ಕರಗಲಿ ಅಂತ. ಕರಗಿತು, ಇಸ್ತ್ರಿಪೆಟ್ಟಿಗೆಗೆ ಮೆತ್ತಿಕೊಂಡಿತು, ಮನೆಯಲ್ಲಿ ಎರಡು ದಿನ ಮಾತಿಲ್ಲ. ನಡುವೆ ಹಳೇ ಬನಿಯನ್ ಬಟ್ಟೆ ಇಟ್ಟು, ಕಡಿಮೆ ಕಾವಿನಲ್ಲಿ ಅರ್ಧ ನಿಮಿಷ ಹಿಡಿದರೆ ತುಂಡು ನೀಟಾಗಿ ಬರುತ್ತದೆ. ಸ್ಪೈರಲ್ ಹಾಕಿದೆ, ಚೀಲದಲ್ಲಿ ತಂತಿ ಸಿಕ್ಕಿ ಎಳೆಯುತ್ತಿತ್ತು. ಕೊನೆಗೆ ಧಾರವಾಡದ ಸುಭಾಸ ರೋಡಿನ ಕಡೆ ಒಬ್ಬ ಬೈಂಡರ್ ಸಿಕ್ಕರು, ತುಂಡಿಗೆ ಸುಮಾರು 40 ರೂಪಾಯಿ. ಕಥೆಯಲ್ಲಿ ಅನಾಥಾಶ್ರಮದ ಪೊಟೊಕ್ವಾನೆ ಬಾಯಾರು ಹಣ್ಣಿನ ಕೇಕ್ ತಿನ್ನಿಸಿ ಮೆಕ್ಯಾನಿಕ್ ಮತೆಕೋನಿಯಿಂದ ಪುಕ್ಕಟೆ ರಿಪೇರಿ ಮಾಡಿಸುತ್ತಾರೆ. ನಾನು ಅರ್ಧ ಕಿಲೋ ಪೇಡೆ ಕೊಟ್ಟೆ. ಪುಕ್ಕಟೆ ಆಗಲಿಲ್ಲ, ಹದಿನೈದು ದಿನದ ಕೆಲಸ ಎರಡು ದಿನಕ್ಕೆ ಆಯಿತು.

ಎಲ್ಲಿ ಕತ್ತರಿಸಬೇಕು? ಅಧ್ಯಾಯ ಮುಗಿದಲ್ಲಿ ಖಂಡಿತ ಅಲ್ಲ, ಅದಕ್ಕೆ ಸ್ವಲ್ಪ ಮೊದಲು. ಎಷ್ಟು ಮೊದಲು, ಯಾವ ಥರದ ಸಾಲಿನ ಮೇಲೆ ಅನ್ನುವುದನ್ನು ನಾನು ಇಟ್ಟುಕೊಳ್ಳುತ್ತೇನೆ. ನನಗೂ ಒಂದಿಷ್ಟು ಬೇಕಲ್ವಾ?

ತುಂಡುಗಳ ಅದಲುಬದಲು ನವನಗರದ ಬಿಆರ್‌ಟಿಎಸ್ ನಿಲ್ದಾಣದಲ್ಲಿ. ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ನಡುವಿನ ಜಾಗ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಇಳಿದು ತುಂಡು ಕೊಟ್ಟು, ತುಂಡು ತೆಗೆದುಕೊಂಡು ಮುಂದಿನ ಬಸ್ಸು ಹತ್ತುತ್ತಾರೆ. ಶನಿವಾರ ಸಂಜೆ ಐದೂವರೆ. ನೀವು ಬರದಿದ್ದರೆ ನಿಮ್ಮ ಹಿಂದಿನವರು ಕಾಯುತ್ತಾ ಕೂರುತ್ತಾರೆ, ಆ ನಾಚಿಕೆಯೇ ಕೆಲಸ ಮಾಡುತ್ತದೆ. ಡಿಪಾಸಿಟ್ 200.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಹಳೇ ಪ್ರತಿಗಳಿಗೆ ನಾಲ್ಕು ಸಾವಿರದ ಆಸುಪಾಸು, ಬೈಂಡಿಂಗಿಗೆ ಎರಡು ಸಾವಿರ, ಹಾಳಾದದ್ದು, ಹೋದದ್ದು ಸಾವಿರದ ಐನೂರು. ಗಿರ್ಮಿಟ್, ಮಿರ್ಚಿಯ ಖರ್ಚು ಮನೆಯಲ್ಲಿ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಸದ್ಯ ಹತ್ತೊಂಬತ್ತು ಜನ ಓದುತ್ತಿದ್ದಾರೆ, ಅದರಲ್ಲಿ ಏಳು ಜನ ಐದನೇ ಪುಸ್ತಕ ದಾಟಿದ್ದಾರೆ. ನಿಮ್ಮ ಬಳಗದಲ್ಲಿ ಒಂದೇ ಸರಣಿಯ ಐದು ಪುಸ್ತಕ ಎಷ್ಟು ಜನ ಮುಗಿಸಿದ್ದಾರೆ, ಒಮ್ಮೆ ಎಣಿಸಿ ನೋಡಿ.

ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಬಾಯಾರು ಕುಡಿಯುವ ಕೆಂಪು ಬುಶ್ ಚಹಾ, ಅಂದರೆ ರೂಯಿಬೋಸ್ ತರಿಸಿದೆ. ದಕ್ಷಿಣ ಆಫ್ರಿಕಾದ ಬೆಟ್ಟಗಳಲ್ಲಿ ಬೆಳೆಯುವ ಗಿಡ, ಕೆಫೀನ್ ಇಲ್ಲ. ಸಣ್ಣ ಡಬ್ಬಿಗೆ ನಾಲ್ಕುನೂರು ಚಿಲ್ಲರೆ. ಹಾಲು, ಸಕ್ಕರೆ ಹಾಕಿ ಕುದಿಸಿದರೆ ಬಣ್ಣ ಬಂತು, ಚಹಾ ಬರಲಿಲ್ಲ. "ಜ್ವರಾ ಬಂದಾಗ ನಮ್ಮವ್ವ ಇದನ್ನ ಕೊಡತಿದ್ಲು" ಅಂದರು ಹಿರಿಯರು. ಹಾಲು ಬಿಟ್ಟು, ಬೆಲ್ಲ, ಒಣಶುಂಠಿ ಹಾಕಿದ ಮೇಲೆ ಎರಡನೇ ಲೋಟ ಕೇಳಿದರು. ಆದರೂ ಮತ್ತೆ ತರಿಸಿಲ್ಲ.

ಕಳೆದ ಮಳೆಗಾಲದಲ್ಲಿ ಎರಡನೇ ಪುಸ್ತಕದ ಮೂರನೇ ತುಂಡು ಬಸ್ಸಿನಲ್ಲೇ ಉಳಿಯಿತು. ನಮ್ಮವರೊಬ್ಬರು ಛತ್ರಿ ನೆನಪಿಟ್ಟು ಕಥೆ ಮರೆತಿದ್ದರು. ಹೋಯಿತು ಅಂತ ಬರೆದುಕೊಂಡೆ. ಹತ್ತು ದಿನದ ಮೇಲೆ ರಟ್ಟಿನ ಮೇಲಿನ ನಂಬರ್ ನೋಡಿ ಒಬ್ಬ ಹುಡುಗ ಫೋನ್ ಮಾಡಿದ. ಡಿಪ್ಲೊಮಾ ಓದುತ್ತಾನಂತೆ. ನಾನು ಥ್ಯಾಂಕ್ಸ್ ಹೇಳುವ ಮೊದಲೇ, "ಸರ್, ಇದರ ಮುಂದಿನ ಎರಡು ತುಂಡು ಯಾರ ಹತ್ರ ಅದಾವ್ರೀ?" ಅಂದ.

ಮುಂದಿನದಲ್ಲಪ್ಪ, ಹಿಂದಿನದು ಅಂದೆ. ಶನಿವಾರ ನವನಗರಕ್ಕೆ ಬಂದ. ಡಿಪಾಸಿಟ್ 200 ಇನ್ನೂ ಕೊಟ್ಟಿಲ್ಲ.