ಪೆಂಡಾಲಿನ ಸಂಗೀತ ಕಚೇರಿಗಳನ್ನು ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಬಗೆ

ಹಳೆಯ ಕ್ಯಾಸೆಟ್ ಕೈಗೆ ಬಂದಕೂಡಲೇ ಮಾಡುವ ಮೊದಲ ಕೆಲಸ, ಅದರ ಬೆನ್ನಿನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಹಾಕುವುದು. ಟೇಪು ಕಾಣುವ ಬಾಯಿಯ ಎದುರು ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ಅವು ಇದ್ದರೆ ಮಾತ್ರ ಡೆಕ್ಕಿನ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರದ, ರೆಕಾರ್ಡ್ ಗುಂಡಿ ಕೆಳಗಿಳಿಯುತ್ತದೆ. ಮೂವತ್ತು ವರ್ಷ ಉಳಿದುಬಂದ ತೋಡಿ ರಾಗದ ಮೇಲೆ ಮನೆಯ ಫ್ಯಾನಿನ ಸದ್ದು ಕೂತುಬಿಡಲು ಒಂದು ಸಲ ತಪ್ಪಿ ಒತ್ತಿದರೆ ಸಾಕು. ಪ್ಲೇ ಮಾಡುವುದೆಲ್ಲ ಆಮೇಲೆ.

ಇಲ್ಲಿನ ಮಾತು ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳದ್ದಲ್ಲ. ಎಂಬತ್ತು ತೊಂಬತ್ತರ ದಶಕದಲ್ಲಿ ರಸಿಕರು ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡೋ, ಸ್ಪೀಕರ್ ಕಂಬದ ಬುಡದಲ್ಲಿಟ್ಟೋ ಹಿಡಿದುಕೊಂಡ ಕಚೇರಿಗಳದ್ದು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ, ಮೈಸೂರಿನ ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣೇಶೋತ್ಸವ, ಗಾಯನ ಸಮಾಜದ ಸಭಾಂಗಣ, ಹೀಗೆ ಎಲ್ಲೆಲ್ಲಿಯದೋ ಇರುತ್ತವೆ. ಇವಕ್ಕೆ ಇನ್ನೊಂದು ಪ್ರತಿ ಇರುವುದು ಅಪರೂಪ. ಆದ್ದರಿಂದ ಅವಸರ ಬೇಡ. ಒಂದು ಸಿ-90 ಕ್ಯಾಸೆಟ್ ಕೇಳುವುದಕ್ಕೆ ಒಂದೂವರೆ ಗಂಟೆಯಾದರೆ, ಸರಿಯಾಗಿ ಕಂಪ್ಯೂಟರಿಗೆ ಇಳಿಸಿ ವಿವರ ಬರೆಯುವುದಕ್ಕೆ ಮೂರೂವರೆ ಗಂಟೆ ಹಿಡಿಯುತ್ತದೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಇಳಿಸಲು ಹೋದಾಗೆಲ್ಲ ತಪ್ಪಾಗಿದೆ.

ಕ್ಯಾಸೆಟ್ಟಿನ ಕಿಟಕಿಯ ಮೂಲಕ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಬೇರೆ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಒಂದೆರಡು ವಾರ ಒಣಗಲು ಬಿಡುತ್ತೇನೆ. ಅದರ ಸರದಿ ಎಲ್ಲಕ್ಕಿಂತ ಕೊನೆಗೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಹೋದರೂ ಪರವಾಗಿಲ್ಲ ಎನ್ನುವಂಥ ಹಳೇ ಪ್ಲೇಯರಿನಲ್ಲಿ ಮೊದಲು ಸುತ್ತಿಸಿ, ಉದುರಿದ್ದನ್ನು ಒರೆಸಿದ ಮೇಲೆ. ಒಳ್ಳೆಯ ಡೆಕ್ಕಿಗೆ ನೇರವಾಗಿ ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಬಾಯಿಯ ನಡುವೆ ತಾಮ್ರದ ಬಣ್ಣದ ಸಣ್ಣ ಪಟ್ಟಿ, ಅದರ ಮೇಲೆ ಫೆಲ್ಟ್ ಬಟ್ಟೆಯ ತುಣುಕು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಹಳೆಯದರಲ್ಲಿ ಅಂಟು ಒಣಗಿ ತುಣುಕು ಬಿದ್ದುಹೋಗಿರುತ್ತದೆ. ಆಗ ಸದ್ದು ಕಂಬಳಿ ಹೊದ್ದಂತೆ ಮಂಕಾಗಿ, ಬಂದುಹೋಗಿ ಮಾಡುತ್ತದೆ. ‘ಟೇಪೇ ಹಾಳಾಗಿದೆ’ ಎಂದು ಜನ ಎಸೆಯುವವುಗಳಲ್ಲಿ ಇಂಥವೇ ಬಹಳ. ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ತೆಗೆದುಕೊಂಡು, ಎರಡೂ ಸುರುಳಿಗಳನ್ನು ಅದರೊಳಗೆ ಕೂರಿಸಿದರೆ ಕೆಲಸ ಮುಗಿಯಿತು. ಸ್ಕ್ರೂ ಇಲ್ಲದೆ ಅಂಟಿಸಿದ ಕವಚವಾದರೆ ಅಂಚಿನ ಗೆರೆಯಲ್ಲಿ ಬ್ಲೇಡು ತೂರಿಸಿ ಸೀಳಬೇಕು. ಬ್ಲೇಡು ಅರ್ಧ ಸೆಂಟಿಮೀಟರಿಗಿಂತ ಒಳಗೆ ಹೋಗಕೂಡದು. ತುಂಡಾದ ಟೇಪಿಗೆ ಸೆಲ್ಲೋಟೇಪು ಹಚ್ಚಲೇಬೇಡಿ. ಸೆಕೆಗೆ ಅದರ ಗೋಂದು ಕರಗಿ ಪಕ್ಕದ ಸುತ್ತುಗಳಿಗೆ ಅಂಟುತ್ತದೆ. ಟೇಪಿನ ಅಗಲ 3.81 ಮಿಲಿಮೀಟರ್; ಅದಕ್ಕೆಂದೇ ಸ್ಪ್ಲೈಸಿಂಗ್ ಟೇಪು ಸಿಗುತ್ತದೆ, ಅದನ್ನು ಬೆನ್ನಿನ ಕಡೆಗೆ ಹಚ್ಚಬೇಕು, ಹೆಡ್ಡು ತಾಗುವ ಕಡೆಗಲ್ಲ. ಸಡಿಲವಾದ ಟೇಪು ಬಿಗಿಮಾಡಲು ಆರು ಮೂಲೆಯ ಪೆನ್ಸಿಲ್ಲೇ ಈಗಲೂ ಸಾಕು. ಆಮೇಲೆ ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ.

ಡೆಕ್ಕು ದುಬಾರಿಯದೇ ಆಗಬೇಕಿಲ್ಲ, ಬೆಲ್ಟು ಹೊಸದಾಗಿರಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಡೆಕ್ಕಿನ ಬೆಲ್ಟು ಡಾಂಬರಿನಂತೆ ಕರಗಿರುತ್ತದೆ. ಬೆಲ್ಟು, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್, ವಾಚ್ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್, ಇವೆಲ್ಲ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತವೆ. ಪ್ರತಿ ಐದು ಕ್ಯಾಸೆಟ್ಟಿಗೊಮ್ಮೆ ಹತ್ತಿಕಡ್ಡಿಯಿಂದ ಹೆಡ್ಡು ಒರೆಸುತ್ತೇನೆ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ. ರಬ್ಬರ್ ಉರುಳೆಗೆ ಮಾತ್ರ ಆಲ್ಕೋಹಾಲ್ ಬೇಡ, ಸೋಪಿನ ನೀರು ಸಾಕು.

ಇಡೀ ಕೆಲಸದಲ್ಲಿ ಸದ್ದಿಗೆ ಅತಿ ಹೆಚ್ಚು ಲಾಭ ತರುವುದು ಹೆಡ್ಡಿನ ಓರೆಯನ್ನು ಸರಿಪಡಿಸುವುದು, ಅಂದರೆ ಅಜಿಮತ್. ಅಂದು ಪೆಂಡಾಲಿನಲ್ಲಿದ್ದ ಟೇಪ್‌ರೆಕಾರ್ಡರಿನ ಹೆಡ್ಡು ತನ್ನದೇ ಆದ ಓರೆಯಲ್ಲಿ ಕೂತಿತ್ತು. ಇಂದಿನ ಡೆಕ್ಕಿನ ಹೆಡ್ಡು ನೆಟ್ಟಗಿದ್ದಷ್ಟೂ ಆ ಟೇಪಿಗೆ ಅದು ತಪ್ಪೇ. ಹೆಡ್ಡಿನ ಎರಡು ಪಕ್ಕದ ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದನ್ನು, ಮೊದಲಿನ ಜಾಗಕ್ಕೆ ಗುರುತು ಹಾಕಿಕೊಂಡು, ಕಾಲುಸುತ್ತಿಗಿಂತ ಕಡಿಮೆ ಕಡಿಮೆಯಾಗಿ ತಿರುಗಿಸಬೇಕು. ಕೇಳಬೇಕಾದ್ದು ಗಾಯಕರ ಕಂಠವನ್ನಲ್ಲ. ಮೃದಂಗದ ಬಲಗಡೆಯ ಚಾಪು, ಘಟದ ಕಣಕಣ, ತಂಬೂರಿಯ ಜೀವಾಳದ ಝೇಂಕಾರ, ಇವು ಮೊನಚಾಗಿ ನಿಲ್ಲುವ ಜಾಗವೇ ಸರಿಯಾದ ಜಾಗ. ಎರಡು ಚಾನೆಲ್‌ಗಳನ್ನು ಕೂಡಿಸಿ ಮೋನೋದಲ್ಲಿ ಕೇಳುತ್ತ ತಿರುಗಿಸಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಓರೆ ತಪ್ಪಿದ್ದರೆ ಕೂಡಿಸಿದಾಗ ತಾರದ ಸದ್ದೆಲ್ಲ ನುಂಗಿಹೋಗುತ್ತದೆ. ಎ ಕಡೆಗೆ ಸರಿಹೋದದ್ದು ಬಿ ಕಡೆಗೆ ಸರಿಹೋಗದೆಯೂ ಇರಬಹುದು, ಎರಡಕ್ಕೂ ಬೇರೆಯಾಗಿ ನೋಡಬೇಕು. ಇಲ್ಲಿ ಕಳೆದುಹೋದ ಮೊನಚನ್ನು ಆಮೇಲೆ ಯಾವ ಈಕ್ವಲೈಜರೂ ತಂದುಕೊಡುವುದಿಲ್ಲ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ. ತೊಡೆಯ ಮೇಲಿನ ರೆಕಾರ್ಡರಿಗೆ ಡಾಲ್ಬಿ ಎಲ್ಲಿಂದ ಬರಬೇಕು!

ಡೆಕ್ಕಿನ ಲೈನ್ ಔಟಿನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ, ಅಲ್ಲಿಂದ ಕಂಪ್ಯೂಟರಿಗೆ. ಹೆಡ್‌ಫೋನ್ ತೂತಿನಿಂದ ಮೈಕ್ ತೂತಿಗೆ ಕೇಬಲ್ ಹಾಕುವುದು ಬೇಡ. 24 ಬಿಟ್, 48 ಕಿಲೋಹರ್ಟ್ಜ್ ಸಾಕು. ಸ್ಟೀರಿಯೊದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ, ಒಂದು ಸಿ-90ಕ್ಕೆ ಒಂದೂವರೆ ಜಿಬಿ ಆಗುತ್ತದೆ. ಸದ್ದಿನ ಮಟ್ಟ ಹೊಂದಿಸುವಾಗ ಹೊಸಬರು ಮಾಡುವ ತಪ್ಪು, ಶುರುವಿನ ವರ್ಣವನ್ನು ಕೇಳಿ ಹೊಂದಿಸಿಬಿಡುವುದು. ತನಿ ಆವರ್ತನದ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದ, ಮುಕ್ತಾಯಕ್ಕೂ ಅದರ ಬೆನ್ನಿಗೇ ಬರುವ ಚಪ್ಪಾಳೆಗೂ ಸದ್ದು ಒಡೆಯುತ್ತದೆ. ಮೊದಲು ತನಿಯ ಕೊನೆಗೆ ಓಡಿಸಿ, ಅಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಮಾಡಿಕೊಂಡು, ಹಿಂದಕ್ಕೆ ಬಂದು ಶುರುಮಾಡಿ.

ಆ ಕಾಲದ ಸಣ್ಣ ರೆಕಾರ್ಡರುಗಳು ಸದ್ದಿನ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತಿದ್ದವು. ಮೃದಂಗದ ಎಡಗಡೆಯ ಒಂದು ಗುಮ್ಕಿ ಪೆಟ್ಟು ಬಿದ್ದಕೂಡಲೇ ಎಲ್ಲ ತಗ್ಗುತ್ತದೆ, ಎರಡು ಸೆಕೆಂಡಿನಲ್ಲಿ ತಂಬೂರಿ ಉಬ್ಬಿ ಮೇಲೆ ಬರುತ್ತದೆ. ಇದಕ್ಕೆ ಮದ್ದಿಲ್ಲ. ಇದ್ದ ಹಾಗೇ ಇರಲಿ.

ಇನ್ನು ಶ್ರುತಿ. ಕ್ಯಾಸೆಟ್ಟಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್ ಎಂದು ಲೆಕ್ಕ. ಆದರೆ ಪೆಂಡಾಲಿನಲ್ಲಿ ರೆಕಾರ್ಡರು ಓಡಿದ್ದು ದೊಡ್ಡ ಸೆಲ್ಲುಗಳ ಮೇಲೆ. ಸೆಲ್ಲು ಸೋತಂತೆ ಮೋಟರು ನಿಧಾನವಾಗುತ್ತದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸದ್ದು ಮೇಲಕ್ಕೇರುತ್ತದೆ. ವರ್ಣದಲ್ಲಿ ಒಂದೂವರೆ ಮನೆಯ ಶ್ರುತಿಯಲ್ಲಿದ್ದ ವಿದ್ವಾಂಸರು ಮಂಗಳದ ಹೊತ್ತಿಗೆ ಎರಡನೇ ಮನೆಗೆ ಹೋಗಿರುವ ಕ್ಯಾಸೆಟ್ಟುಗಳಿವೆ.

ಅಳೆಯುವುದು ಹೀಗೆ. ಆಲಾಪನೆಯ ಕೊನೆಯಲ್ಲಿ ಗಾಯಕರು ಷಡ್ಜದ ಮೇಲೆ ನಿಲ್ಲುವ ಎರಡು ಮೂರು ಸೆಕೆಂಡನ್ನು ಆಯ್ದು, ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ‘ಪ್ಲಾಟ್ ಸ್ಪೆಕ್ಟ್ರಮ್’ ತೆರೆಯಬೇಕು. ಅದರಲ್ಲಿ ಸೈಜು 65536 ಇಡಿ. 2048ರಲ್ಲಿ ಬಿಟ್ಟರೆ ಒಂದೊಂದು ಮೆಟ್ಟಿಲೂ 23 ಹರ್ಟ್ಜ್, ಏನೂ ತಿಳಿಯುವುದಿಲ್ಲ. ಒಂದೂವರೆ ಮನೆಯ, ಅಂದರೆ ಸಿ ಶಾರ್ಪಿನ, ಗಂಡು ಕಂಠದ ಮಧ್ಯ ಷಡ್ಜ 138.6 ಹರ್ಟ್ಜ್. ಟೇಪಿನಲ್ಲಿ 144 ಸಿಕ್ಕಿತು ಅನ್ನಿ. 138.6ನ್ನು 144ರಿಂದ ಭಾಗಿಸಿದರೆ 0.9625, ಅಷ್ಟೇ ಗುಣಕ. ಇದನ್ನು ವೇಗ ಬದಲಿಸುವ ಎಫೆಕ್ಟಿನಲ್ಲಿ ಕೊಡಬೇಕೇ ಹೊರತು ಬರೀ ಪಿಚ್ ಬದಲಿಸುವುದರಲ್ಲಿ ಅಲ್ಲ. ನಿಧಾನವಾಗಿ ಹಿಡಿದ ಟೇಪು ಈಗ ಓಡುತ್ತಿರುವುದೇ ಜೋರಾಗಿ, ಹಾಗಾಗಿ ಕಾಲಪ್ರಮಾಣವೂ ಅದರ ಜೊತೆಗೇ ಇಳಿಯಬೇಕು. ಹೋಗಹೋಗುತ್ತ ಏರುವ ಕ್ಯಾಸೆಟ್ಟಿಗೆ ಹತ್ತು ನಿಮಿಷಕ್ಕೊಮ್ಮೆ ಷಡ್ಜ ಅಳೆದು, ಟೈಮ್ ಟ್ರ್ಯಾಕಿನಲ್ಲಿ ಬಿಂದುಗಳನ್ನಿಟ್ಟು ಇಳಿಜಾರು ಎಳೆಯುತ್ತೇನೆ.

ಮೈಕ್ ಸೆಟ್ಟಿನ ‘ಗುಂಯ್’ ಸದ್ದೂ ನೆರವಿಗೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಅದರ ಇಮ್ಮಡಿ 100ರ ಹತ್ತಿರ ಸ್ಪೆಕ್ಟ್ರಮ್ಮಿನಲ್ಲಿ ಒಂದು ಮುಳ್ಳು ಎದ್ದಿರುತ್ತದೆ. ಮೇಲಿನ ಕ್ಯಾಸೆಟ್ಟಿನಲ್ಲಿ ಅದು 103.9ಕ್ಕೆ ಕಂಡರೆ ಎರಡೂ ಲೆಕ್ಕ ತಾಳೆಯಾದಂತೆ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. ಆಗಿನ ಬೇಸಿಗೆಯ ಸಂಜೆಗಳಲ್ಲಿ ಕರೆಂಟು 49ಕ್ಕಿಂತ ಕೆಳಗಿಳಿಯುತ್ತಿದ್ದದ್ದುಂಟು, ಅಲ್ಲಿಗೇ ಎರಡು ಪರ್ಸೆಂಟು ತಪ್ಪು. ನಿಮ್ಮ ಡೆಕ್ಕಿನದೇ ಗುಂಯ್ ಕೂಡ ಬೆರೆತಿರಬಹುದು. ಖಾಲಿ ಕ್ಯಾಸೆಟ್ ಓಡಿಸಿ ಅದೆಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಒಂದೇ ಕ್ಯಾಸೆಟ್ಟಿನೊಳಗೆ ವೇಗ ಜಾರಿದೆಯೇ ಎಂದು ನೋಡಲು ಗುಂಯ್, ನಿಜವಾದ ಶ್ರುತಿಗೆ ಆ ಕಲಾವಿದರ ಅದೇ ದಶಕದ ಬೇರೆ ಧ್ವನಿಮುದ್ರಿಕೆ, ಇದು ನನ್ನ ಪದ್ಧತಿ. ದಶಕವೂ ಮುಖ್ಯ, ವಯಸ್ಸಾದಂತೆ ಶ್ರುತಿ ಇಳಿಸಿಕೊಂಡವರು ಅನೇಕರು. ‘ಸಾಮಾನ್ಯ’ ಶ್ರುತಿ ಎಂಬ ಅಂದಾಜಿನ ಮೇಲೆ ಕೈಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಎಂ.ಡಿ. ರಾಮನಾಥನ್ ಅವರ ಕ್ಯಾಸೆಟ್ಟೇ ಪರೀಕ್ಷೆ. ಅವರ ಶ್ರುತಿಯೂ ತಗ್ಗು, ನಡೆಯೂ ವಿಳಂಬ. ಗೊತ್ತಿಲ್ಲದವರು ಟೇಪು ನಿಧಾನವಾಗಿ ಓಡುತ್ತಿದೆ ಎಂದುಕೊಂಡು ‘ಸರಿಪಡಿಸಿ’, ಆ ಗಾಂಭೀರ್ಯವನ್ನೇ ತೆಗೆದುಹಾಕುತ್ತಾರೆ.

ಟೇಪಿನ ಸುಯ್‌ಗುಡುವಿಕೆಯನ್ನು ತೆಗೆಯುವ ಸಾಫ್ಟ್‌ವೇರ್ ಬಗ್ಗೆ ಕೇಳುವವರು ಬಹಳ. ಅದು ‘ಏನೂ ಇಲ್ಲದ’ ಒಂದು ತುಣುಕನ್ನು ಮಾದರಿಯಾಗಿ ಕೇಳುತ್ತದೆ. ಕಚೇರಿಯಲ್ಲಿ ಏನೂ ಇಲ್ಲದ ಕ್ಷಣ ಎಲ್ಲಿದೆ? ಎರಡು ಕೃತಿಗಳ ನಡುವಿನ ಮೌನದಲ್ಲೂ ತಂಬೂರಿ ನುಡಿಯುತ್ತಲೇ ಇರುತ್ತದೆ. ಆ ತುಣುಕನ್ನು ಕೊಟ್ಟರೆ ಸಾಫ್ಟ್‌ವೇರು ತಂಬೂರಿಯನ್ನೇ ಗಲಾಟೆ ಎಂದು ತಿಳಿದು ಇಡೀ ಕಚೇರಿಯಿಂದ ಒರೆಸಿಬಿಡುತ್ತದೆ, ಉಳಿಯುವುದು ನೀರಿನೊಳಗಿಂದ ಹಾಡಿದಂಥ ಕಂಠ. ಮೂಲ ಫೈಲಿಗೆ ಏನನ್ನೂ ಮಾಡಬೇಡಿ. ಕೇಳುವ ಪ್ರತಿಗೆ ಬೇಕೆಂದರೆ ಮಾದರಿಯನ್ನು ಶ್ರುತಿ ಶುರುವಾಗುವ ಮುಂಚಿನ ಸೆಕೆಂಡುಗಳಿಂದ ತೆಗೆದು, 6 ಡೆಸಿಬೆಲ್ ಮೀರದಂತೆ ತಗ್ಗಿಸಿ.

ಸಿ-90ರಲ್ಲಿ 45 ನಿಮಿಷಕ್ಕೆ ಕಡೆ ಮುಗಿಯುತ್ತದೆ, ಅದೂ ಸಾಮಾನ್ಯವಾಗಿ ನೆರವಲ್ಲಿನ, ಅಂದರೆ ಕೃತಿಯ ಒಂದು ಸಾಲನ್ನು ವಿಸ್ತರಿಸಿ ಹಾಡುವುದರ, ನಟ್ಟನಡುವೆ. ತಿರುಗಿಸುವಷ್ಟರಲ್ಲಿ ಹೋದದ್ದು ಹೋಯಿತು. ಎರಡು ತುದಿಗಳನ್ನು ಬೆಸೆದು ಮರೆಮಾಚಬಾರದು. ಎರಡು ಸೆಕೆಂಡಿನ ಮೌನವಿಟ್ಟು, ‘ಇಲ್ಲಿ ಟೇಪು ತಿರುವಿದೆ’ ಎಂದು ಪಟ್ಟಿಯಲ್ಲಿ ಬರೆಯುತ್ತೇನೆ. ಚಪ್ಪಾಳೆ, ‘ಭಲೇ’, ತಗಡಿನ ಮೇಲೆ ಬಿದ್ದ ಏಪ್ರಿಲ್ ಮಳೆ, ಮಧ್ಯದ ಪ್ರಕಟಣೆ, ಯಾವುದನ್ನೂ ಕತ್ತರಿಸುವುದಿಲ್ಲ. ಪ್ರಕಟಣೆಯಂತೂ ಚಿನ್ನ. ‘ನಾಳೆ ಇದೇ ವೇದಿಕೆಯಲ್ಲಿ ಇಂಥವರ ವೀಣಾವಾದನ’ ಎಂಬ ಒಂದು ಸಾಲಿದ್ದರೆ, ಆ ವರ್ಷದ ಆಹ್ವಾನ ಪತ್ರಿಕೆ ತೆರೆದು ತಾರೀಕು ಹಿಡಿಯಬಹುದು. ವಂದನಾರ್ಪಣೆಯಲ್ಲಿ ಪಕ್ಕವಾದ್ಯದವರ ಹೆಸರೆಲ್ಲ ಬರುತ್ತದೆ.

ಲೇಬಲ್ಲನ್ನು ಮಾತ್ರ ಪೂರ್ತಿ ನಂಬಬೇಡಿ, ಡಬ್ಬಿಗಳು ಅದಲುಬದಲಾಗಿರುತ್ತವೆ. ಹಿರಿಯರು ಬರೆದಿಟ್ಟದ್ದರಲ್ಲಿ ಸಂವತ್ಸರ ಮಾತ್ರ ಇರುವುದೂ ಉಂಟು. ‘ಪ್ರಮೋದೂತ, ವೈಶಾಖ’ ಎಂದರೆ 1990. ಅದೇ ಸಂವತ್ಸರದ ‘ಪುಷ್ಯ ಬಹುಳ ಪಂಚಮಿ’, ಅಂದರೆ ತ್ಯಾಗರಾಜರ ಆರಾಧನೆಯ ಕಚೇರಿ, 1991ರ ಜನವರಿಗೆ ಬರುತ್ತದೆ. ಯುಗಾದಿಯವರೆಗೆ ಸಂವತ್ಸರ ಬದಲಾಗುವುದಿಲ್ಲ ಎಂಬುದನ್ನು ಮರೆತು ಒಂದು ವರ್ಷ ಹಿಂದೆಮುಂದೆ ಬರೆದಿರುವ ಪಟ್ಟಿಗಳು ಬೇಕಾದಷ್ಟಿವೆ.

ಗುರುತು ಸಿಗದ ಕೃತಿಯಾದರೆ ನೇರ ಚರಣದ ಕೊನೆಗೆ ಹೋಗಿ ಅಂಕಿತ, ಅಂದರೆ ರಚಿಸಿದವರ ಗುರುತಿನ ಪದ, ಕೇಳುವುದು. ಗುರುಗುಹ ಬಂದರೆ ದೀಕ್ಷಿತರು, ಶ್ಯಾಮಕೃಷ್ಣ ಬಂದರೆ ಶ್ಯಾಮಾಶಾಸ್ತ್ರಿಗಳು, ಹರಿಕೇಶ ಬಂದರೆ ಮುತ್ತಯ್ಯ ಭಾಗವತರು, ಶ್ರೀವಿದ್ಯಾ ಬಂದರೆ ಜಯಚಾಮರಾಜ ಒಡೆಯರು, ವಾಸುದೇವ ಬಂದರೆ ಮೈಸೂರು ವಾಸುದೇವಾಚಾರ್ಯರು. ಪಟ್ಟಿಯಲ್ಲಿ ಪ್ರತಿ ಸಾಲಿಗೂ ನಿಮಿಷ-ಸೆಕೆಂಡು, ಕೃತಿ, ರಾಗ, ತಾಳ, ವಾಗ್ಗೇಯಕಾರರು, ಆಲಾಪನೆ ನೆರವಲ್ ಸ್ವರ ತನಿ ಇವೆಯೋ ಇಲ್ಲವೋ, ಇಷ್ಟು. ರಾಗದ ಬಗ್ಗೆ ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ದರ್ಬಾರೋ ನಾಯಕಿಯೋ ಎಂದು ಅವಸರದಲ್ಲಿ ತೀರ್ಮಾನಿಸಿದ್ದು ಮುಂದೆ ಹತ್ತು ಕಡೆ ನಕಲಾಗುತ್ತದೆ.

ಕಚೇರಿಗೆ ಹೋಗಿದ್ದವರು ಮನೆಯಲ್ಲಿದ್ದರೆ, ಟೇಪು ಕೇಳಿಸುವ ಮುಂಚೆಯೇ ಅವರ ನೆನಪು ಬರೆದುಕೊಳ್ಳಬೇಕು. ಒಮ್ಮೆ ಕೇಳಿದರೆ ಟೇಪಿನದೇ ಅವರ ನೆನಪಾಗಿಬಿಡುತ್ತದೆ. ‘ಹೇಗಿತ್ತು?’ ಎಂದರೆ ‘ಅದ್ಭುತ’ ಎಂಬ ಉತ್ತರ ಬರುತ್ತದೆ, ಅಷ್ಟೇ. ಎಲ್ಲಿ ಕೂತಿದ್ದಿರಿ, ಪಿಟೀಲು ಯಾರದು, ಘಟವಿತ್ತೋ ಮೋರ್ಸಿಂಗೋ, ಕೊನೆಗೆ ಚೀಟಿ ಕಳಿಸಿ ಯಾವ ದೇವರನಾಮ ಹಾಡಿಸಿದರು, ಮನೆಗೆ ಹೇಗೆ ಹೋದಿರಿ, ಹೀಗೆ ಕೇಳಬೇಕು. ‘ಒಂದು ಗಂಟೆಯ ತನಿ’ ಟೇಪಿನಲ್ಲಿ ಇಪ್ಪತ್ತು ನಿಮಿಷವಿದ್ದರೆ ಅವರ ಮಾತನ್ನು ತಿದ್ದದೆ ಎರಡನ್ನೂ ಬರೆದಿಡುತ್ತೇನೆ.

ಮೂಲ ಫೈಲು, ಸದ್ದು ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ, ಮೂರು ಪ್ರತಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಅಂತರ್ಜಾಲಕ್ಕೆ ಏರಿಸುವುದು ಬೇರೆಯದೇ ಮಾತು. ಕಚೇರಿ ಮಾಡಿದವರ ಹಕ್ಕು ನಮ್ಮ ಕಾಯ್ದೆಯಲ್ಲಿ 50 ವರ್ಷ, ಅದೂ ಕಚೇರಿಯ ಮರುವರ್ಷದಿಂದ ಎಣಿಕೆ. 1990ರ ಕಚೇರಿಗೆ 2040 ಮುಗಿಯುವವರೆಗೂ. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿಯೇ ಏರಿಸಬೇಕು. ಕೇಳಲು ಹೋದಾಗ ಒಂದು ಪ್ರತಿ ಅವರಿಗೂ ಕೊಡಿ, ಎಷ್ಟೋ ಸಲ ಅವರ ಹತ್ತಿರ ಆ ಕಚೇರಿ ಇರುವುದೇ ಇಲ್ಲ.

ಇಳಿಸಿದ ಮೇಲೂ ಕ್ಯಾಸೆಟ್ ಎಸೆಯಬೇಡಿ. ಪೂರ್ತಿ ಒಂದು ತುದಿಗೆ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ ಇಡಿ. ಡಬ್ಬಿಯೊಳಗಿನ ಕಾಗದದ ಎರಡೂ ಬದಿಯ ಫೋಟೋ ತೆಗೆದು ಫೈಲಿನ ಜೊತೆಗೆ ಸೇರಿಸಿ. ಒಳಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು ಮಾಸಿರುತ್ತದೆ, ಬಿಸಿಲಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.